ದೊಡ್ಡಪ್ಪನ ಕುರಿಚರ್ಮದ ಗದ್ದುಗೆ

ಯಾರಾದರೂ ಅಲುಗಾಡದೆ ಬಹಳ ಹೊತ್ತು ಒಂದೇ ಕಡೆ ಕೂತಿದ್ದರೆ ನನಗೆ ಈಗ ಸಹಿಸಲಾಗುವುದಿಲ್ಲ. ಮೊನ್ನೆ ಪರೀಕ್ಷಾ ಕೊಠಡಿಯಲ್ಲಿ ಎರಡು ಗಂಟೆಯಿಂದ ತಲೆ ಎತ್ತದೆ ಬರೆಯುತ್ತಿದ್ದ ಹುಡುಗಿಯ ಬಳಿ ಹೋಗಿ, "ಸ್ವಲ್ಪ ಆ ಕಡೆ ಸರಿದು ಕೂತ್ಕೊಳಮ್ಮ" ಎಂದೆ. ಆಕೆ ಗಾಬರಿಯಾಗಿ ತನ್ನ ಡೆಸ್ಕಿನ ಕೆಳಗೆಲ್ಲ ಹುಡುಕಿದಳು, ಚೀಟಿ ಬಿದ್ದಿದೆ ಅಂತ ನಾನು ಅನುಮಾನಪಟ್ಟೆ ಎಂದುಕೊಂಡು. ಪ್ರಿನ್ಸಿಪಾಲರು ಕರೆದು ಕೇಳಿದರು. ನನ್ನ ದೊಡ್ಡಪ್ಪನ ಬೆನ್ನಿನ ತುದಿಯಲ್ಲಿ ಎದ್ದಿದ್ದ ಕೆಂಪು ಕಲೆಯ ಬಗ್ಗೆ ಅವರಿಗೆ ಎಲ್ಲಿಂದ ಹೇಳಲಿ? ಸೆಕೆ ಎಂದು ಹೇಳಿ ಬಂದೆ.

ದೊಡ್ಡಪ್ಪನದು ರಾಯದುರ್ಗದಲ್ಲಿ ಬಟ್ಟೆ ಅಂಗಡಿ. ಮಕ್ಕಳಿಲ್ಲದ ಅವರೂ ದೊಡ್ಡಮ್ಮನೂ ನನ್ನನ್ನು ಸಾಕಿ ಓದಿಸಿದರು. ಕಳೆದ ವರ್ಷ ಮೇಲಿನ ಅಟ್ಟಣಿಗೆಯಿಂದ ಜೀನ್ಸ್ ಪ್ಯಾಂಟಿನ ಕಟ್ಟು ಇಳಿಸಲು ಹೋಗಿ, ಕಟ್ಟಿನ ಸಮೇತ ತಾವೂ ಇಳಿದರು. ಸೊಂಟದ ಕೀಲು ಮುರಿಯಿತು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಆರು ವಾರ ಹಾಸಿಗೆ ಬಿಡಬಾರದು ಎಂದು ಹೇಳಿ ಕಳಿಸಿದರು. ಹೊರಡುವಾಗ ಅಲ್ಲಿಯ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, "ಇವ್ರಿಗೆ ಇಪ್ಪತ್ತು ವರ್ಷದ ಶುಗರ್ ಐತ್ರಿ. ಮುರಿದ ಎಲುಬು ಕೂಡ್ತದ. ಆದ್ರ ಮಲಗಿ ಮಲಗಿ ಬೆನ್ನಿಗೆ ಹುಣ್ಣಾತು ಅಂದ್ರ ಅದು ಎಲುಬಿನ ತನಕ ಹೋಗ್ತದ. ಎರಡೆರಡು ತಾಸಿಗೆ ಮಗ್ಗಲು ಬದಲು ಮಾಡ್ರಿ" ಎಂದರು.

ನಾನಿರುವುದು ಮಡಕಶಿರದಲ್ಲಿ, ಸಸ್ಯಶಾಸ್ತ್ರದ ಮೇಷ್ಟ್ರು. ರಾಯದುರ್ಗಕ್ಕೆ ಶನಿವಾರ ಹೋಗಿ ಭಾನುವಾರ ಮರಳುವುದು. ಉಳಿದ ದಿನಗಳಲ್ಲಿ ಮಾಡಲು ತೋಚಿದ್ದು ಓದುವುದೊಂದೇ. ಹಾಸಿಗೆ ಹುಣ್ಣಿನ ಬಗ್ಗೆ ಸಿಕ್ಕ ಸಂಶೋಧನೆಗಳನ್ನೆಲ್ಲ ಫೋನಿನಲ್ಲಿ ಓದಿದೆ. ಎಲೆಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬದುಕಿದವನಿಗೆ ಮನುಷ್ಯನ ಚರ್ಮ ಏನು ಮಹಾ ಎಂಬ ಧೈರ್ಯ. ಹಾಗೆ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಉಣ್ಣೆ ಸಮೇತ ಹದ ಮಾಡಿದ ಕುರಿಯ ಚರ್ಮವನ್ನು ರೋಗಿಯ ಅಡಿ ಹಾಸಿದರೆ ಒತ್ತಡ ಹಂಚಿಹೋಗುತ್ತದೆ, ಬೆವರು ನಿಲ್ಲುವುದಿಲ್ಲ, ಮೈ ಉಜ್ಜುವುದಿಲ್ಲ. ನಾನು ಫೋನ್ ಇಟ್ಟು ಕಿಟಕಿಯ ಹೊರಗೆ ನೋಡಿದೆ. ನನ್ನ ಬಾಡಿಗೆ ಮನೆಯ ಹಿಂದಿನ ರೊಪ್ಪದಲ್ಲಿ ನಲವತ್ತು ಕುರಿಗಳು ನನ್ನನ್ನೇ ನೋಡುತ್ತಿದ್ದವು.

ಮನೆಯ ಯಜಮಾನಿ ಕುರಿ ಸಾಕುವವರ ಮನೆತನದವರು. ಹೋಗಿ ಒಂದು ಚರ್ಮ ಕೇಳಿದೆ.

"ಯಾಕ್ ಸಾ, ಡೋಲು ಮಾಡುಸ್ತೀರಾ?" ಎಂದರು.

"ಇಲ್ಲಮ್ಮ, ನಮ್ಮ ದೊಡ್ಡಪ್ಪನ್ನ ಅದರ ಮೇಲೆ ಮಲಗಿಸಬೇಕು. ಸಂಶೋಧನೆಯಲ್ಲಿ ಬರೆದಿದೆ."

"ಅಯ್ಯೋ, ಇದಕ್ಕೂ ಓದ್‌ಬೇಕಾ? ನಮ್ ಮಾವ ಸಾಯೋಗಂಟ ಅದ್ರ ಮ್ಯಾಲೇ ಮಲಗಿದ್ದು. ಒಂದ್ ಗುಳ್ಳೆ ಏಳ್ಲಿಲ್ಲ." ಒಳಗೆ ಹೋಗಿ ಒಂದು ಕರಿ ಕುರಿಯ ಚರ್ಮ ತಂದು ನನ್ನ ತೋಳಿಗೆ ಹಾಕಿದರು. ತಂಗಡಿ ಗಿಡದ ತೊಗಟೆಯ ನೀರಲ್ಲಿ ಹದ ಮಾಡಿದ್ದಂತೆ. ಬೆರಳು ಮುಳುಗುವಷ್ಟು ಉಣ್ಣೆ. "ತಗಂಡೋಗಿ ಸಾ. ಬಿಸ್ಲಿಗಾಕಿ ಒಸಿ ಒದ್ರಿ. ಆದ್ರೆ ಮಾವನ್ನ ನಾವು ಹೊತ್ತೊತ್ತಿಗೆ ಮಗ್ಗುಲು ಹೊಳ್ಳುಸ್ತಿದ್ವಿ, ಅದು ಮರೀಬ್ಯಾಡಿ."

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಈಗ ನೂರು ಸಲ ಹೋಗುತ್ತದೆ.

ಪಾವಗಡದಲ್ಲೊಂದು, ಕಲ್ಯಾಣದುರ್ಗದಲ್ಲೊಂದು ಬಸ್ಸು ಬದಲಿಸಿ ಆ ಚರ್ಮವನ್ನು ತೊಡೆಯ ಮೇಲಿಟ್ಟುಕೊಂಡು ರಾಯದುರ್ಗ ತಲುಪಿದೆ. ಪಕ್ಕದ ಸೀಟಿನ ಮಗುವೊಂದು ದಾರಿಯುದ್ದಕ್ಕೂ ಅದಕ್ಕೆ ಬಿಸ್ಕತ್ತು ತಿನ್ನಿಸಲು ನೋಡಿತು.

ಬಾಗಿಲಲ್ಲೇ ದೊಡ್ಡಮ್ಮ ತಡೆದರು. ನಮ್ಮದು ದಿನಾ ಲಿಂಗಪೂಜೆ ನಡೆಯುವ ಮನೆ, ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ.

"ಏನೋ ಅದು? ಸತ್ತ ಕುರಿ ಹೊತ್ಕೊಂಡು ಪೂಜಿ ಮನಿಯೊಳಗ ಬರ್ತೀಯಲ್ಲ! ನಿನಗ ಓದಿಸಿದ್ದು ಇದಕ್ಕೇನು?"

ಒಳಗಿನಿಂದ ದೊಡ್ಡಪ್ಪನ ದನಿ ಬಂತು. "ಏ, ನಿನ್ನ ಕಾಲಾಗಿನ ಚಪ್ಪಲಿ ಏನು ಬದನಿಕಾಯಿದಾ?"

"ಚಪ್ಪಲಿ ಹೊರಗ ಬಿಡ್ತೀನ್ರಿ!"

"ಶಿವ ಯಾವುದರ ಮ್ಯಾಲ ಕುಂತಾನ? ಹುಲಿ ಚರ್ಮ. ದೇವ್ರಿಗಿಲ್ಲದ ಮಡಿ ನಿನಗ್ಯಾಕ? ತಗೊಂಡ್ ಬಾರೋ ಒಳಗ. ಹುಲಿ ಸಿಗಲಿಲ್ಲ, ಕುರಿ ಸಿಕ್ಕೈತಿ."

ದೊಡ್ಡಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ನಾನು ಗೆದ್ದೆ ಎಂದುಕೊಂಡೆ. ನಿಜವಾಗಿ ನಾನು ಸೋತದ್ದು ಆ ಕ್ಷಣದಲ್ಲೇ. ಹಾಸಿಗೆ ಹುಣ್ಣಿನ ಮದ್ದಾಗಿ ನಾನು ತಂದದ್ದು ಹೊಸ್ತಿಲು ದಾಟುವಷ್ಟರಲ್ಲಿ ಶಿವನ ಆಸನವಾಗಿಬಿಟ್ಟಿತ್ತು.

ನಾನು ಚರ್ಮ ಹಾಸಿ, ದೊಡ್ಡಪ್ಪನನ್ನು ಮಲಗಿಸಿ, ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಬಲ ಮಗ್ಗಲು, ಬೆನ್ನು, ಎಡ ಮಗ್ಗಲು. ದೊಡ್ಡಮ್ಮ ಎರಡು ತಾಸಿಗೊಮ್ಮೆ ಹೊಳ್ಳಿಸಿ ಟಿಕ್ ಹಾಕಬೇಕು. ಭಾನುವಾರ ಸಂಜೆ ನೆಮ್ಮದಿಯಿಂದ ಬಸ್ ಹತ್ತಿದೆ. ವಾರವಿಡೀ ಫೋನ್ ಮಾಡಿದಾಗಲೆಲ್ಲ ದೊಡ್ಡಪ್ಪ, "ಮೆತ್ತಗ ಐತಪ, ಮೋಡದ ಮ್ಯಾಲ ಮಲಗಿದಂಗ" ಎನ್ನುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಒತ್ತಡ ಹಂಚಿಕೆಯ ಬಗ್ಗೆ ಸಣ್ಣ ಭಾಷಣಗಳನ್ನೇ ಮಾಡಿದೆ. ಗಣಿತದ ಮೇಷ್ಟ್ರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು.

ಮುಂದಿನ ಶನಿವಾರ ಹೋದರೆ ಪಟ್ಟಿ ತುಂಬ ಟಿಕ್‌ಗಳು. ನನಗೆ ಕಣ್ಣಲ್ಲಿ ನೀರೇ ಬಂತು. ಮೈ ಒರೆಸಲೆಂದು ಬಿಸಿನೀರು ತಂದು ದೊಡ್ಡಪ್ಪನನ್ನು ಎಡಕ್ಕೆ ಹೊಳ್ಳಿಸಿದೆ.

ಬೆನ್ನು ಮುಗಿಯುವ ಕಡೆ, ಎಲುಬು ಉಬ್ಬಿದ ಜಾಗದಲ್ಲಿ, ವೀಳ್ಯದೆಲೆಯಷ್ಟು ಅಗಲಕ್ಕೆ ಚರ್ಮ ಕೆಂಪಾಗಿತ್ತು. ಬೆರಳಿಂದ ಒತ್ತಿದೆ. ಆರೋಗ್ಯವಂತ ಚರ್ಮವಾದರೆ ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಮತ್ತೆ ರಕ್ತ ಬರಬೇಕು. ಇದು ಬೆಳ್ಳಗಾಗಲಿಲ್ಲ. ಮತ್ತೆ ಒತ್ತಿದೆ. ಕೆಂಪು ಕೆಂಪಾಗಿಯೇ ಇತ್ತು. ಬಕೆಟ್ಟಿನ ಅಂಚು ಹಿಡಿದುಕೊಂಡು ಕೂತೆ.

"ನೋವಾಗ್ತದಾ ದೊಡ್ಡಪ್ಪ?"

"ಏನೂ ಇಲ್ಲಪ. ಯಾಕ ಸುಮ್ನಾದಿ? ಏನು ಐತಿ ಅಲ್ಲಿ?"

ನೋವಿಲ್ಲ ಎಂದದ್ದೇ ನನ್ನನ್ನು ಹೆಚ್ಚು ಹೆದರಿಸಿತು. ಶುಗರ್ ಅವರ ಸ್ಪರ್ಶವನ್ನು ಎಂದೋ ತಿಂದುಹಾಕಿತ್ತು.

ನಮ್ಮ ಬೀದಿಯಲ್ಲೇ ಇರುವ ಒಬ್ಬ ನರ್ಸಮ್ಮನನ್ನು ಓಡಿಹೋಗಿ ಕರೆತಂದೆ. ಆಕೆ ಕಲೆ ನೋಡಿದರು, ಒತ್ತಿದರು. ಆಮೇಲೆ ಹಾಸಿಗೆಯ ಅಂಚು ಎತ್ತಿದರು. ಮೇಲೆ ಚಾದರ. ಅದರಡಿ ಜಮಖಾನ. ಅದರಡಿ ಊಟದ ಮೇಜಿಗೆ ಹಾಸುವ, ಸೇಬುಹಣ್ಣಿನ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆ. ಅದರಡಿ ದೊಡ್ಡಮ್ಮನ ಒಂದು ಹಳೆಯ ರೇಷ್ಮೆ ಸೀರೆ. ಎಲ್ಲಕ್ಕಿಂತ ಕೆಳಗೆ, ರೊಟ್ಟಿಯಂತೆ ಚಪ್ಪಟೆಯಾಗಿ, ಮೂಲೆಗಳಿಗೆ ವಿಭೂತಿ ಬಳಿಸಿಕೊಂಡು, ನನ್ನ ಕುರಿ.

"ಏನ್ರಮ್ಮ ಇದು, ಬಟ್ಟಿ ಅಂಗಡಿ ತಂದು ಇಲ್ಲೇ ಹಾಸೀರಲ್ಲ?"

"ಶಿವನ ಆಸನ ರೀ. ಹೊಲಸಾಗಬಾರ್ದು ಅಂತ" ಎಂದರು ದೊಡ್ಡಮ್ಮ. ಅಷ್ಟು ವಿರೋಧಿಸಿದವರು ಅದನ್ನು ಪೂಜಿಸಲು ಶುರುಮಾಡಿದ್ದು ಯಾವ ದಿನವೋ ತಿಳಿಯದು. ಓಣಿಯ ಜನ ನೋಡಲು ಬಂದು, ಕೈಮುಗಿದು, ದೊಡ್ಡಪ್ಪನ ಕೈಯಿಂದ ವಿಭೂತಿ ಪಡೆದು ಹೋಗುತ್ತಿದ್ದರಂತೆ.

"ಮತ್ತ ಹೊಳ್ಳಿಸಿಲ್ಲ?" ಎಂದರು ನರ್ಸಮ್ಮ.

ನಾನು ಗೋಡೆಯ ಪಟ್ಟಿ ತೋರಿಸಿದೆ. ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಚಾವಣಿ ನೋಡಿದರು. "ಟಿಕ್ ನಾನೇ ಹಾಕ್ಸೀನಿ" ಎಂದರು ಕೊನೆಗೆ. "ಹುಡುಗ ಅಷ್ಟು ದೂರದಿಂದ ಬರ್ತಾನ, ಖಾಲಿ ಹಾಳಿ ನೋಡಿ ಬ್ಯಾಸರ ಮಾಡ್ಕೊಂತಾನ ಅಂತ."

"ಯಾಕ್ರಿ ಹೊಳ್ಳಲಿಲ್ಲ ನೀವು?"

"ಹೆಂಗ ಹೊಳ್ಳಲಿ ತಾಯಿ? ಮುಂಜಾನಿಂದ ಸಂಜಿ ತನಕ ಜನ ಬರ್ತಾರ. ಮಂಚ ಗ್ವಾಡಿಗೆ ಹತ್ತೈತಿ. ಆ ಕಡಿ ಹೊಳ್ಳಿದ್ರ ಬಂದೋರಿಗೆ ಬೆನ್ನು. ಈ ಕಡಿ ಹೊಳ್ಳಿದ್ರ ಎಡಗೈ ಮ್ಯಾಲ, ಬಲಗೈ ಕೆಳಗ. ಬಂದೋರಿಗೆ ಎಡಗೈಲೆ ವಿಭೂತಿ ಕೊಡ್ಲ್ಯಾ? ನಲವತ್ತು ವರ್ಷ ಅಂಗಡಿ ಮಾಡೀನಿ. ಗಿರಾಕಿಗೆ ಒಂದು ದಿನ ಬೆನ್ನು ತೋರ್ಸಿಲ್ಲ."

ನರ್ಸಮ್ಮ ಸೆರಗು ಸಿಕ್ಕಿಸಿಕೊಂಡರು. "ಕೇಳ್ರಿ. ಚರ್ಮ ಇನ್ನಾ ಒಡದಿಲ್ಲ, ನಿಮ್ಮ ಪುಣ್ಯ. ಒಡೀತು ಅಂದ್ರ ಮತ್ತ ಬಳ್ಳಾರಿ. ಅಲ್ಲಿ ಬೆನ್ನು ತೋರಿಸ್ಕೊಂಡೇ ಮಲಗಬೇಕು, ಊರಿಗೆಲ್ಲ." ದೊಡ್ಡಮ್ಮ ಎಣ್ಣೆ ಕಾಸಿ ತಿಕ್ಕಲು ಎದ್ದದ್ದನ್ನು ಕಂಡು, "ತಿಕ್ಕಬ್ಯಾಡ್ರಿ! ಒಳಗ ನೊಂದೈತಿ. ತಿಕ್ಕಿದ್ರ ಹರೀತದ" ಎಂದು ಕೂಗಿದರು. ಆ ಜಾಗದ ಮೇಲೆ ಭಾರ ಬೀಳಲೇಕೂಡದು, ಮಗ್ಗಲಿಂದ ಮಗ್ಗಲಿಗೆ ಮಾತ್ರ, ಕುರಿಚರ್ಮದ ಮೇಲೆ ತೆಳುವಾದ ಒಂದೇ ಬಟ್ಟೆ. "ಮೆತ್ತನ್ನ ಹಾಸಿಗಿ ಹೊಳ್ಳಿಸೋ ಕೆಲಸ ಮಾಡಂಗಿಲ್ಲ ಸರ್, ಹೊಳ್ಳಿಸೋರು ಮಾಡ್ಬೇಕು" ಎಂದರು ನನ್ನತ್ತ ತಿರುಗಿ. ಒತ್ತಡ ಹಂಚಿಕೆಯ ನನ್ನ ಭಾಷಣ ಅಲ್ಲಿಗೆ ಮುಗಿಯಿತು.

ಕಾಲೇಜಿಗೆ ಹತ್ತು ದಿನ ರಜೆ ಬರೆದೆ. ದೊಡ್ಡಪ್ಪನನ್ನು ಒಪ್ಪಿಸುವುದು ಆಗದ ಕೆಲಸವೆಂದು ತಿಳಿದು ಮಂಚವನ್ನೇ ಗೋಡೆಯಿಂದ ಎಳೆದು ನಡುಮನೆಯ ಮಧ್ಯಕ್ಕೆ ಹಾಕಿದೆ. ಎರಡೂ ಕಡೆ ಚಾಪೆ. ನಿಯಮ ಒಂದೇ: ದೊಡ್ಡಪ್ಪ ಯಾವ ಕಡೆ ಮುಖ ಮಾಡುತ್ತಾರೋ ಬಂದವರು ಆ ಕಡೆ ಕೂರಬೇಕು. ವಿಭೂತಿ ಕೊಡುವ ಕೆಲಸ ದೊಡ್ಡಮ್ಮನಿಗೆ.

ಎರಡು ತಾಸಿಗೊಮ್ಮೆ ನನ್ನ ಫೋನು ಕೂಗುತ್ತಿತ್ತು. ಕೂಗಿದ ತಕ್ಷಣ ಚಾಪೆಯ ಮೇಲಿದ್ದವರೆಲ್ಲ ಚಹಾದ ಲೋಟ, ಊರುಗೋಲು, ಕೈಚೀಲ ಹಿಡಿದು ಎದ್ದು, ಮಂಚ ಸುತ್ತಿ ಆ ಕಡೆ ಹೋಗಿ ಕೂರುತ್ತಿದ್ದರು. ಆಮೇಲೆ ನಾನೂ ದೊಡ್ಡಮ್ಮನೂ ದೊಡ್ಡಪ್ಪನನ್ನು ಹೊಳ್ಳಿಸಿ ಬೆನ್ನಿಗೆ ದಿಂಬು ಕೊಡುತ್ತಿದ್ದೆವು. ಮಾತು ನಿಂತಲ್ಲಿಂದ ಮುಂದುವರಿಯುತ್ತಿತ್ತು. ದೊಡ್ಡಪ್ಪನ ಗೆಳೆಯರಾದ ಒಬ್ಬ ಎಣ್ಣೆ ಅಂಗಡಿಯವರು ಎಡಕ್ಕೆ ಸುತ್ತಿಕೊಂಡು ಹೋಗಲು ಒಪ್ಪಲಿಲ್ಲ. "ಸುತ್ತೋದಾದ್ರ ಪ್ರದಕ್ಷಿಣಿ ಹಾಕಿದಂಗ ಬಲಕ್ಕ ಸುತ್ತಬೇಕಪ, ಅಪ್ರದಕ್ಷಿಣಿ ನನ್ನಿಂದಾಗಲ್ಲ" ಎಂದು ಪ್ರತಿಸಲ ಇಡೀ ಮಂಚ ಸುತ್ತಿ, ಅಡುಗೆಮನೆ ಬಾಗಿಲಲ್ಲಿ ದೊಡ್ಡಮ್ಮನಿಗೆ ಡಿಕ್ಕಿ ಹೊಡೆದು ಬರುತ್ತಿದ್ದರು. ಮೂರನೆಯ ದಿನ ಎಲ್ಲರೂ ಹಾಗೇ ಮಾಡತೊಡಗಿದರು. ದೊಡ್ಡಪ್ಪ ಖುಷಿಯಿಂದ ಕಣ್ಣುಮುಚ್ಚಿ, ಒಂದು ಕೈ ಎತ್ತಿ ಆಶೀರ್ವಾದ ಮಾಡುತ್ತಿದ್ದರು.

ಜನ ನಕ್ಕರು. ನಾನೂ ನಗುತ್ತಿದ್ದೆ. ಆದರೆ ಪ್ರತಿಸಲ ಹೊಳ್ಳಿಸಿದಾಗ ಪಂಚೆ ಸರಿಸಿ ಆ ಕಲೆ ಒತ್ತಿ ನೋಡುವಾಗ ನಗು ನಿಲ್ಲುತ್ತಿತ್ತು. ಮೂರನೆಯ ದಿನ ಕೆಂಪು. ಐದನೆಯ ದಿನ ಕೆಂಪು, ಅಂಚು ಸ್ವಲ್ಪ ಮಾಸಿದಂತೆ, ಅಥವಾ ನನ್ನ ಭ್ರಮೆ. ಆರನೆಯ ದಿನ ಅಲ್ಲೊಂದು ಕಡೆ ಸಿಪ್ಪೆ ಎದ್ದಂತೆ ಕಂಡಿತು. ಕನ್ನಡಕ ಒರೆಸಿ ನೋಡಿದರೆ, ಅಂಟಿಕೊಂಡಿದ್ದ ಮಂಡಕ್ಕಿಯ ಒಂದು ಕಾಳು.

ಎಂಟನೆಯ ದಿನ ಬೆಳಿಗ್ಗೆ, ಐದಾರು ಜನ ಮಂಚ ಸುತ್ತುತ್ತಿರುವಾಗ, ಒತ್ತಿದೆ. ಬೆರಳು ತೆಗೆದಾಗ ಅಲ್ಲೊಂದು ಬಿಳಿಯ ಗುರುತಿತ್ತು. ನಾನು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ಕೆಂಪಾಯಿತು. ರಕ್ತ ಹೋಗಿ ಬಂದಿತ್ತು. ಇನ್ನೊಮ್ಮೆ ಒತ್ತಿದೆ. ಮತ್ತೆ ಬಿಳಿ, ಮತ್ತೆ ಕೆಂಪು. ನಾನು ಒತ್ತುತ್ತಲೇ ಇದ್ದೆ.

"ಏನೋ ಅದು, ಕಾಲಿಂಗ್ ಬೆಲ್ ಸಿಕ್ಕೈತೇನು ಅಲ್ಲಿ?" ಎಂದರು ದೊಡ್ಡಪ್ಪ.

"ಬೆಳ್ಳಗಾತು ದೊಡ್ಡಪ್ಪ" ಎಂದೆ.

ಎಣ್ಣೆ ಅಂಗಡಿಯವರು ಲೋಟ ಹಿಡಿದು ಬಗ್ಗಿದರು. "ಎಲ್ಲಿ, ನಾನೂ ನೋಡ್ತೀನಿ." ಅವರ ಹಿಂದೆ ಉಳಿದವರೂ ಬಗ್ಗಿದರು. ದೊಡ್ಡಮ್ಮ ಅಡುಗೆಮನೆಯಿಂದ ಓಡಿಬಂದು ಎಲ್ಲರನ್ನೂ ಸರಿಸಿ, ತಾವೇ ಒಂದು ಸಲ ಒತ್ತಿ ನೋಡಿ, ಸೆರಗಿನಿಂದ ಮುಖ ಮುಚ್ಚಿಕೊಂಡರು. ನಲವತ್ತು ವರ್ಷ ಯಾರಿಗೂ ಬೆನ್ನು ತೋರಿಸದ ನನ್ನ ದೊಡ್ಡಪ್ಪ, ಅರ್ಧ ಓಣಿಗೆ ಬೆನ್ನು ತೋರಿಸಿಕೊಂಡು, "ಚಂದಾಗಿ ನೋಡ್ಕೊಳ್ರಿ, ತಳ್ಳಬ್ಯಾಡ್ರಿ, ಎಲ್ಲಾರಿಗೂ ಸಿಗ್ತದ" ಎನ್ನುತ್ತ ಮಲಗಿದ್ದರು.