ನಲವತ್ತೊಂದು ಅಡಿ ನೀರು, ನಾಲ್ಕು ಕಲ್ಲುಬೆಂಚು

ರೈಲು ಹಳಿಯ ಕೆಳಗೆ ಹಾಸುವ ಜಲ್ಲಿಕಲ್ಲಿನ ವಿಷಯದಲ್ಲಿ ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ಶ್ರೀ ಐತಪ್ಪನವರಿಗೆ ಸಮನಾದ ಅಳತೆಗಾರರು ಹುಟ್ಟಿಲ್ಲ, ಹುಟ್ಟುವ ಸೂಚನೆಯೂ ಇಲ್ಲ. ೧೯೭೧ರಲ್ಲಿ ಪುತ್ತೂರಿನ ಕಡೆಯಿಂದ ಒಂದು ತಗಡಿನ ಪೆಟ್ಟಿಗೆ ಹಿಡಿದು ಮದರಾಸಿನಲ್ಲಿ ಇಳಿದ ಈ ಮಹನೀಯರು ಮೂವತ್ತೇಳು ವರ್ಷಗಳ ಸೇವೆಯಲ್ಲಿ ಅಳೆದ ಜಲ್ಲಿಯನ್ನೆಲ್ಲ ಒಂದೆಡೆ ಸುರಿದರೆ ಬಂಗಾಳಕೊಲ್ಲಿ ಹತ್ತು ಮೈಲಿ ಹಿಂದೆ ಸರಿಯಬೇಕಾದೀತು. ಅವರ ಕೈಕೆಳಗೆ ಹನ್ನೊಂದು ವರ್ಷ ಪಳಗಿದ ಗುಂಡಣ್ಣನೆಂಬ ನಾನು ಈ ಮಾತಿಗೆ ಸಾಕ್ಷಿ. ಈ ಅಭಿನಂದನ ಸಂಪುಟದ ಸಂಪಾದಕರಾದ ವಿಶ್ವನಾಥ ಅವರು ಮೂರು ಪುಟ ಮೀರಬಾರದೆಂದೂ, ಮುಖ್ಯವಾಗಿ ಯಾವುದನ್ನೂ ಹಿಗ್ಗಿಸಬಾರದೆಂದೂ ನನಗೊಬ್ಬನಿಗೇ ಪ್ರತ್ಯೇಕ ಕಾಗದ ಬರೆದಿದ್ದಾರೆ. ಮೊದಲನೆಯದನ್ನು ಪಾಲಿಸುತ್ತೇನೆ.

೧೯೯೭ರಲ್ಲಿ ನಾನು ಅವರ ವಿಭಾಗಕ್ಕೆ ಸೇರಿದಾಗ ಕಚೇರಿಯೇ ನನಗಾಗಿ ಕಾದು ಕುಳಿತಿತ್ತೆಂದು ಹೇಳಿದರೆ ತಪ್ಪಾಗದು. ಮೊದಲ ವಾರದಲ್ಲೇ ಅಳತೆ ಪುಸ್ತಕದಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಬರೆದೆ. ಶಾಯಿಯನ್ನು ಬ್ಲೇಡಿನಿಂದ ಎಷ್ಟು ನಯವಾಗಿ ಕೆರೆದೆನೆಂದರೆ ಕಾಗದಕ್ಕೇ ಗೊತ್ತಾಗಲಿಲ್ಲ. ಐತಪ್ಪನವರಿಗೆ ಗೊತ್ತಾಯಿತು. ಅವರು ಗದರಿಸಲಿಲ್ಲ. ಬ್ಲೇಡನ್ನು ಮೆಲ್ಲನೆ ಇಸಿದುಕೊಂಡು ತಮ್ಮ ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದರು.

"ಅಳತೆ ಪುಸ್ತಕದಲ್ಲಿ ಕೆರೀಲಿಕ್ಕಿಲ್ಲ ಮಾರಾಯ. ತಪ್ಪಾದ್ರೆ ಅದರ ಮೇಲೆ ಒಂದೇ ಗೆರೆ ಎಳಿ, ಅಡಿಯ ಅಂಕಿ ಕಾಣ್ಬೇಕು. ಪಕ್ಕದಲ್ಲಿ ಸರಿಯಾದದ್ದು ಬರಿ. ಸಹಿ ಹಾಕು. ಮತ್ತೆ ಇನ್ನೊಂದು: ಬರೆದವನೇ ಗೆರೆ ಎಳೀಬೇಕು. ಇನ್ನೊಬ್ಬನ ಅಂಕಿ ಮೇಲೆ ನಾನು ಪೆನ್ನು ಇಡೂದಿಲ್ಲ, ನೀನೂ ಇಡ್ಬೇಡ."

ಇಲಾಖೆಯ ಈ ಹಳೆಯ ಪದ್ಧತಿಯನ್ನು ಅವರು ದೇವರ ದೀಪದಂತೆ ಕಾಯ್ದುಕೊಂಡು ಬಂದವರು. ನಾನು ಮುಂದೆ ಬರೆಯಲಿರುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಪಲ್ಲಾವರದಾಚೆ ಕೆಲಸ ನಿಂತು ಮೂರ್ನಾಲ್ಕು ವರ್ಷವಾಗಿದ್ದ ಒಂದು ಕಲ್ಲುಕ್ವಾರಿ ಇತ್ತು. ಒಂದು ಕಾಲಕ್ಕೆ ಅಲ್ಲಿದ್ದದ್ದು ಬೆಟ್ಟ. ಇಪ್ಪತ್ತು ವರ್ಷ ಅದರ ಜಲ್ಲಿಯನ್ನು ರಾಶಿ ರಾಶಿಯಾಗಿ ಅಳೆದು, ಅಳೆದ ರಾಶಿಯ ಮೇಲೆ ಗುರುತಿಗೆ ಸುಣ್ಣದ ನೀರು ಚಿಮುಕಿಸಿ ಬಂಡಿಗೆ ಹತ್ತಿಸಿದವರು ಐತಪ್ಪನವರೇ. "ಆ ಬೆಟ್ಟ ನನ್ನ ಪುಸ್ತಕದ ದಾರಿಯಲ್ಲೇ ಹೋದದ್ದು" ಎಂದು ಒಂದು ಭಾನುವಾರ ಅವರು ನನ್ನನ್ನು ಅಲ್ಲಿಗೆ ಕರೆದೊಯ್ದರು. ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ಮೊದಲ ಲೋಕಲ್ ಗಾಡಿಗೆ ನಾನು ವೆಸ್ಟ್ ಮಾಂಬಲಂನಿಂದ ಹತ್ತುತ್ತಿದ್ದೆ. ಅವರು ಅದೇ ಡಬ್ಬಿಯಲ್ಲಿ ಮನೆಯಾಕೆ ವಿಮಲಕ್ಕ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಅಕ್ಕಿತರಿಯ ಪುಂಡಿಯುಂಡೆ ಮತ್ತು ಚಟ್ನಿಯೊಡನೆ ಮೊದಲೇ ಕುಳಿತಿರುತ್ತಿದ್ದರು. ಹೀಗೆ ನಾವು ಮೂರು ವರ್ಷ, ಅಂದಾಜು ಸಾವಿರ ಭಾನುವಾರ, ಹೋಗಿ ಬಂದೆವು.

ಕ್ವಾರಿಯ ಅಂಚಿನ ಮೇಲೆ ನಿಂತರೆ ಕಾಣುತ್ತಿದ್ದುದನ್ನು ವರ್ಣಿಸಲು ನನ್ನಂಥವನಿಗೂ ಮಾತು ಸಾಲದು. ಒಂದು ಕಡೆ ಮೀನಂಬಾಕ್ಕಂನಲ್ಲಿ ವಿಮಾನಗಳು ಕಾಲಡಿಯಲ್ಲೇ ಏಳುತ್ತಿದ್ದವು. ಕೆಳಗೆ ತಾಂಬರಂ ಗಾಡಿ ಕಂಬಳಿಹುಳದಂತೆ ಹರಿಯುತ್ತಿತ್ತು. ವೇಲಚೇರಿಯ ಕಡೆ ಆಗಿನ್ನೂ ಜೌಗುನೆಲ, ಅದರಾಚೆ ಬೆಳಕು ಚೆನ್ನಾಗಿದ್ದ ದಿನ ಒಂದೆಳೆ ಸಮುದ್ರ. ನಮ್ಮ ಎದುರಿಗೆ ಮದ್ದಿಟ್ಟು ಸೀಳಿದ ಬಂಡೆಯ ಗೋಡೆ, ಅದರ ಬುಡದಲ್ಲಿ ಹಸುರು ನೀರು. ಐತಪ್ಪನವರು ಆ ನೀರನ್ನು ನೋಡುತ್ತ ಪುಂಡಿ ತಿನ್ನುವುದನ್ನೇ ಮರೆಯುತ್ತಿದ್ದರು. ಅವರ ಪಾಲನ್ನೂ ತಿಂದು ಮುಗಿಸುವ ಹೊಣೆ ನನ್ನ ಮೇಲೆ ಬೀಳುತ್ತಿತ್ತು.

ಆ ಬಂಡೆಯ ಮೇಲೆಯೇ ಅವರ ಪುನರುಜ್ಜೀವನ ಯೋಜನೆ ಹುಟ್ಟಿತು. ಕಲ್ಲು ಕಡಿದ ಬಂಡೆಯಲ್ಲಿ ಉಳಿದಿದ್ದ ಹಂತಗಳನ್ನೇ ಮೆಟ್ಟಿಲಾಗಿಸಿ ನೀರಿನವರೆಗೆ ಇಳಿಸುವುದು, ಅಂಚಿಗೆ ಸೊಂಟದೆತ್ತರದ ಗೋಡೆ, ಮಣ್ಣು ನಿಂತಲ್ಲೆಲ್ಲ ಬೇವು ಮತ್ತು ಹೊಂಗೆ, ಮೇಲೆ ಸಮುದ್ರ ಕಾಣುವ ಕಡೆಗೆ ಮುಖ ಮಾಡಿ ನಾಲ್ಕು ಕಲ್ಲುಬೆಂಚು. ಬೆಂಚು ಬರಬೇಕಾದ ನಾಲ್ಕು ಜಾಗಕ್ಕೂ ಅವರು ಸುಣ್ಣದ ನೀರಿನ ಗುರುತು ಹಾಕಿದರು. ಹಿಂದೆ ಅಲ್ಲೇ ಕಲ್ಲೊಡೆಯುತ್ತಿದ್ದವರ ಕಾಲೊನಿಯ ಸುಗುಣಾ ಎಂಬಾಕೆ ದಿನವೂ ಜಾರುಬಂಡೆಯಲ್ಲಿ ಇಳಿದು ನೀರು ಹೊರುತ್ತಿದ್ದಳು. ನಕ್ಷೆಯನ್ನು ಬಗ್ಗಿ ನೋಡಿ ಅವಳು ತಮಿಳಿನಲ್ಲಿ ಹೇಳಿದಳು:

"ಬೆಂಚು ಇರಲಿ ಅಣ್ಣೇ, ಮೊದಲು ಮೆಟ್ಟಿಲು ಹಾಕಿಸಿ. ಕೊಡ ಹೊತ್ತು ನಾನು ಜಾರಿ ಹೋದ್ರೆ ನಿಮ್ಮ ಪಾರ್ಕಿಗೆ ಮೊದಲ ಹೆಣ ನಂದೇ!"

ಐತಪ್ಪನವರು ಅಲ್ಲೇ ಕುಳಿತು ಮೆಟ್ಟಿಲಿನ ಎತ್ತರವನ್ನು ಎರಡಂಗುಲ ತಗ್ಗಿಸಿದರು. ಕೊಡ ಹೊತ್ತವರ ಕಾಲಿಗೆ ಅಷ್ಟು ಸಾಕು ಎಂದರು.

ನೀರಿನ ಆಳ ತಿಳಿಯದೆ ಯೋಜನೆ ಮುಗಿಯುವಂತಿರಲಿಲ್ಲ. ಅಡಿಗೊಂದು ಗಂಟು ಹಾಕಿದ ತೆಂಗಿನ ಹಗ್ಗಕ್ಕೆ ಕಲ್ಲು ಕಟ್ಟಿ, ಲಾರಿಯ ಟ್ಯೂಬಿನ ಮೇಲೆ ನಡುನೀರಿಗೆ ಹೋದವನು ನಾನು. ಮೊಸಳೆಗಳಿದ್ದವೆಂದು ಬರೆಯುವ ಆಸೆಯನ್ನು ವಿಶ್ವನಾಥರಿಗಾಗಿ ಅದುಮಿಕೊಂಡಿದ್ದೇನೆ.

"ಎಷ್ಟುಂಟು?" ಎಂದು ದಡದಿಂದ ಕೇಳಿದರು.

"ಪಾತಾಳ ಮುಟ್ತು ಸಾರ್!"

"ಪಾತಾಳಕ್ಕೆ ಎಷ್ಟು ಅಡಿ? ಗಂಟು ಎಣಿಸು ಮಾರಾಯ."

ಎಣಿಸಿದೆ. ಮೂರು ಕಡೆ ಇಳಿಸಿ ಎಣಿಸಿದೆ. ಎಲ್ಲಕ್ಕಿಂತ ಆಳವಾದ ಕಡೆ ನಲವತ್ತೊಂದು ಅಡಿ. ಅವರು ನಕ್ಷೆಯಲ್ಲಿ ನಲವತ್ತೊಂದು ಎಂದು ಬರೆದು ಸಹಿ ಹಾಕಿದರು.

೨೦೦೧ರಲ್ಲಿ ಮೂರು ಹಾಳೆಯ ನಕ್ಷೆ ಸಿದ್ಧವಾಯಿತು. ಕ್ವಾರಿಯ ಜಾಗ ನೋಡಿಕೊಳ್ಳುವ ಕಚೇರಿಗೆ ಕೊಡಲು ಜೊತೆಗೊಂದು ವಿವರಣ ಪತ್ರ ಬೇಕಿತ್ತು. ನನ್ನ ಇಂಗ್ಲಿಷಿನ ಕೀರ್ತಿ ತಿರುವೊಟ್ಟಿಯೂರಿನಿಂದ ಚೆಂಗಲ್ಪಟ್ಟಿನವರೆಗೆ ಹಬ್ಬಿದ್ದುದರಿಂದ ಆ ಕೆಲಸ ನನಗೆ ಬಂತು. ಬರೆದೆ, ಕೆಳಗೆ ನಾನೇ ಸಹಿಯನ್ನೂ ಹಾಕಿದೆ. ನಲವತ್ತೊಂದು ಅಡಿ ಎಂದರೆ ಯಾವ ಅಧಿಕಾರಿ ಕುರ್ಚಿ ಬಿಟ್ಟು ಏಳುತ್ತಾನೆ ಅನ್ನಿಸಿತು. ನೂರ ನಲವತ್ತು ಎಂದು ಬರೆದೆ.

ಅಧಿಕಾರಿ ಎದ್ದರು. ಕ್ವಾರಿಗೇ ಬಂದು ನೋಡಿ ಹೋದರು. ಒಂದು ವಾರದ ನಂತರ ನಮ್ಮಿಬ್ಬರನ್ನೂ ಕರೆಸಿ, ನಕ್ಷೆಯನ್ನೂ ಪತ್ರವನ್ನೂ ಅಕ್ಕಪಕ್ಕ ಇಟ್ಟು ಕೇಳಿದರು: ನಕ್ಷೆಯಲ್ಲಿ ನಲವತ್ತೊಂದು, ಪತ್ರದಲ್ಲಿ ನೂರ ನಲವತ್ತು, ಯಾವುದು ಸರಿ?

ಐತಪ್ಪನವರು ನನ್ನತ್ತ ತಿರುಗಿದರು. ಜೇಬಿನಿಂದ ತಮ್ಮ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮೇಜಿನ ಮೇಲೆ ನನ್ನ ಕೈಯ ಹತ್ತಿರ ಇಟ್ಟರು. ನಾನು ಫ್ಯಾನು ನೋಡಿದೆ. ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಯಾವ ಫ್ಯಾನನ್ನೂ ನೋಡಿದವನಲ್ಲ.

"ತಪ್ಪು ನಮ್ಮದು. ಇನ್ನೊಮ್ಮೆ ಅಳೆದು ಕೊಡ್ತೇವೆ" ಎಂದರು ಅವರು. ಅಲ್ಲಿಯವರೆಗೆ ಒಂದೇ ಒಂದು ಅಳತೆಯೂ ತಪ್ಪಿರದ ಮನುಷ್ಯ ನಮ್ಮದು ಎಂದರು. ಅಧಿಕಾರಿ ಬೇಡವೆಂದರು. ಸಂದೇಹವಿದ್ದಾಗ ದೊಡ್ಡ ಅಂಕಿಯನ್ನು ನಂಬುವುದೇ ಕ್ಷೇಮ, ಅಷ್ಟು ಆಳದ ನೀರಿಗೆ ಜನರನ್ನು ಇಳಿಸಲಾಗದು ಎಂದರು. ೨೦೦೨ರಲ್ಲಿ ಕ್ವಾರಿಯ ಸುತ್ತ ಮುಳ್ಳುತಂತಿಯ ಬೇಲಿ ಬಂತು. ಬಾಗಿಲಿಗೆ ಕೆಂಪು ಅಕ್ಷರದ ಹಲಗೆ: ಅಪಾಯ, ಆಳ ೧೪೦ ಅಡಿ, ಪ್ರವೇಶವಿಲ್ಲ. ಈ ಮಹಾನಗರದಲ್ಲಿ ನನ್ನ ಬರವಣಿಗೆ ಬಣ್ಣದಲ್ಲಿ ಪ್ರಕಟವಾದದ್ದು ಅದೊಂದೇ ಸಲ. ಸುಗುಣಾ ಅಂದಿನಿಂದ ರಸ್ತೆ ದಾಟಿ, ಲಾರಿ ನೀರಿನ ಸಾಲಿನಲ್ಲಿ ನಿಲ್ಲುತ್ತಾಳೆ.

ಆಮೇಲೆ ಆರು ವರ್ಷ ಐತಪ್ಪನವರು ಆ ವಿಷಯ ಎತ್ತಲಿಲ್ಲ. ನನ್ನ ಬಡ್ತಿಗೆ ಶಿಫಾರಸು ಬರೆದರು. ನನಗೆ ಟೈಫಾಯ್ಡ್ ಬಂದಾಗ ಹನ್ನೆರಡು ದಿನ ಗಂಜಿ ಹಿಡಿದು ಬಂದರು. ಇದು ಹಿಗ್ಗಿಸಿದ ಸಂಖ್ಯೆಯಲ್ಲ, ನನ್ನ ಹೆಂಡತಿ ಜಲಜಾ ಎಣಿಸಿದ್ದಾಳೆ. ನಾನು ವೇಲಚೇರಿಯ ಫ್ಲ್ಯಾಟಿಗೆ ಬಂದೆ. ಭಾನುವಾರ ಬೆಳಿಗ್ಗೆ ತಾರಸಿಯ ನೀರಿನ ಟ್ಯಾಂಕು ಹತ್ತಿದರೆ ದೂರದಲ್ಲಿ ಬೆಟ್ಟದ ಮುರಿದ ಹೆಗಲು ಕಾಣುತ್ತದೆ. ಅಲ್ಲಿ ಕೂತು ಪುಂಡಿ ತಿನ್ನಬೇಕು, ಯಾರಾದರೂ ಮಾರಾಯ ಎಂದು ಗದರಬೇಕು ಅನ್ನಿಸಿ, ಇಳಿದು ಬಂದು ಇಡ್ಲಿ ತಿನ್ನುತ್ತೇನೆ. ಒಂದು ದಿನ ಜಲಜಾಳಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಮದುವೆಗೆ ಮುಂಚೆ ನಿಮ್ಮ ಎತ್ತರ ಆರಡಿ ಅಂದಿದ್ರಲ್ಲ, ಅದೇ ಟೇಪಲ್ಲಿ ಅಳೆದ್ರಾ?" ಎಂದು ನಕ್ಕಳು. ಆಮೇಲೆ ನಗಲಿಲ್ಲ. "ಅವರ ಹತ್ರ ಹೋಗಿ ಹೇಳ್ರೀ. ಯಾಕೆ ಇನ್ನೂ ಕೂತಿದೀರಾ?"

ಈ ಸಂಪುಟಕ್ಕೆ ಫೋಟೋ ಕೇಳಲು ಕಳೆದ ತಿಂಗಳು ಅವರ ಮನೆಗೆ ಹೋದೆ. ಅವರು ಹೊರಗೆ ಹೋಗಿದ್ದರು. ಕಪಾಟಿನ ಮೇಲೆ ನಕ್ಷೆಯ ತಗಡಿನ ಕೊಳವೆ ಇತ್ತು. ಅದರ ಮೇಲೆ ಒಂದು ಕಣ ಧೂಳೂ ಇಲ್ಲ.

"ಪ್ರತಿ ವಾರ ಒರೆಸ್ತಾರೆ. ತೆಗೆದು ನೋಡೂದಿಲ್ಲ" ಎಂದರು ವಿಮಲಕ್ಕ. "ಒಮ್ಮೆ ನಾನೇ ಕೇಳಿದೆ, ಇನ್ಯಾಕೆ ಇದು, ಬಿಸಾಡುವಾ ಅಂತ. ಗುಂಡಣ್ಣ ಬಂದು ಸರಿ ಮಾಡ್ತಾನೆ, ಇರ್ಲಿ ಅಂದ್ರು. ಎಂತ ಸರಿ ಮಾಡ್ಲಿಕ್ಕುಂಟು ಗುಂಡಣ್ಣಾ, ನಂಗೆ ಹೇಳ್ಲಿಲ್ಲ ಅವರು."

ಫೋಟೋ ಕೇಳುವುದನ್ನು ಮರೆತು ಬಂದೆ. ಮರುದಿನವೇ ಬೇಲಿ ಹಾಕಿಸಿದ ಆ ಕಚೇರಿಗೆ ಹೋಗಿ ಹಳೆಯ ಕಡತ ಹುಡುಕಿಸಿದೆ. ನನ್ನ ಪತ್ರ ಅಲ್ಲೇ ಇತ್ತು. ಈಗಿನ ಅಧಿಕಾರಿ ಮಾತು ಕೊಡಲಿಲ್ಲ. ತಿದ್ದಿದ ಅಳತೆಯೊಡನೆ ನಕ್ಷೆಯನ್ನು ಮತ್ತೆ ಕೊಟ್ಟರೆ ಓದುತ್ತೇನೆಂದರು, ಅಷ್ಟೇ. ಅಷ್ಟನ್ನೇ ಕೇಳಲು ನನಗೆ ಏಳು ವರ್ಷ ಹಿಡಿಯಿತು.

ಐತಪ್ಪನವರೇ, ತಮಗೆ ನೂರು ವರ್ಷ ಆಯುಸ್ಸೆಂದು ಈ ಸಂಪುಟದಲ್ಲಿ ಎಲ್ಲರೂ ಹಾರೈಸಿದ್ದಾರೆ. ನನ್ನ ಲೆಕ್ಕ ನೂರ ನಲವತ್ತು, ದಯವಿಟ್ಟು ಅದನ್ನು ಮಾತ್ರ ತಿದ್ದಿಸಬೇಡಿ. ನಿವೃತ್ತಿ ಎಂದು ಮನೆಯಲ್ಲಿ ಕೂರುವಂತಿಲ್ಲ. ಸುಣ್ಣದ ಗುರುತುಗಳು ಮಳೆಗೆ ಹೋಗಿರುತ್ತವೆ, ಬೆಂಚಿನ ಜಾಗವನ್ನು ತಾವೇ ತೋರಿಸಬೇಕು. ಮೊದಲ ಲೋಕಲ್ ಗಾಡಿ ಈಗಲೂ ಇದೆ. ಕೊಳವೆಯನ್ನು ತನ್ನಿ, ಪುಂಡಿಯನ್ನು ನಾನು ಹೊರುತ್ತೇನೆ.

ನನ್ನ ಪತ್ರದ ನೂರ ನಲವತ್ತರ ಮೇಲೆ, ಅಡಿಯ ಅಂಕಿ ಕಾಣುವಂತೆ, ಒಂದೇ ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ಬರೆದಿದ್ದೇನೆ: ನಲವತ್ತೊಂದು ಅಡಿ. ಹಗ್ಗ ಹಿಡಿದವನು ನಾನು. ಸಹಿ, ಗುಂಡಣ್ಣ.