ಅಟ್ಟದ ಕೆಳಗೊಂದು ಬಾಡಿಗೆ ಮನೆ

ಹೊಸ ಊರಿಗೆ ಹೊರಟವರಿಗೆ ಬುದ್ಧಿ ಹೇಳದೇ ಇರುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ. ನನಗೆ ತಿಪಟೂರಿಗೆ ವರ್ಗವಾಯಿತೆಂದು ತಿಳಿದದ್ದೇ ತಡ, ಮೈಸೂರಿನ ನಮ್ಮ ಬೀದಿಯವರೆಲ್ಲ ಬಾಡಿಗೆ ಮನೆ ನೋಡುವ ಶಾಸ್ತ್ರದಲ್ಲಿ ಪಂಡಿತರಾಗಿಬಿಟ್ಟರು. ಮೊದಲು ಬಾವಿ ನೀರಿನಲ್ಲಿ ಬೇಳೆ ಬೇಯುತ್ತದೆಯೇ ಕೇಳು ಎಂದರು ಒಬ್ಬರು. ಮನೆ ಹೇಗಾದರೂ ಇರಲಿ, ಮನೆಯೊಡತಿಯ ಬಾಯಿ ಹೇಗಿದೆ ನೋಡು ಎಂದರು ಇನ್ನೊಬ್ಬರು. ನಮ್ಮ ಯಜಮಾನರು ಮಾತ್ರ "ಬಾಗಿಲಿನ ಚಿಲಕ ಗಟ್ಟಿಯಾಗಿದ್ರೆ ಸಾಕು ಬಿಡು" ಎಂದು ಪೇಪರಿನೊಳಗೆ ಮುಖ ಹುದುಗಿಸಿಕೊಂಡರು. ಅವರಿಗೇನು, ಕೆಲಸ ಮೈಸೂರಿನಲ್ಲೇ. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುವವರಿಗೆ ಚಿಲಕ ಸಾಕು.

ನನಗೆ ಸಾಲದು. ಇದು ಎಂಬತ್ತರ ದಶಕದ ಆರಂಭದ ಮಾತು. ನಾನು ಟೆಲಿಫೋನ್ ಆಪರೇಟರು. ಬೆಳಗಿನ ಪಾಳಿ, ಸಂಜೆಯ ಪಾಳಿ ಎಂದು ದಿನಕ್ಕೊಂದು ಹೊತ್ತಿಗೆ ಓಡುವವಳು. ಕಂಕುಳಲ್ಲಿ ಆಗತಾನೆ ಅಂಬೆಗಾಲಿಡುವ ಮಗಳು. ಅವಳನ್ನು ನೋಡಿಕೊಳ್ಳಲು, ನಮ್ಮ ಜೊತೆಗೇ ಇದ್ದ ಅತ್ತೆ ತಿಪಟೂರಿಗೂ ಬಂದರೆ ನನಗೆ ಕೆಲಸ ಉಂಟು, ಬಾರದಿದ್ದರೆ ರಾಜೀನಾಮೆ ಉಂಟು. ಅತ್ತೆಯೋ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಮೊದಲು ಮನೆ ನೋಡು. ಬಂದು ಒಂದು ತಿಂಗಳು ಇರ್ತೀನಿ. ಆಮೇಲೆ ನಂಜನಗೂಡಿಗೆ, ದೊಡ್ಡವನ ಮನೆಗೆ ಹೋಗ್ತೀನಿ" ಎಂದರು. ಒಂದು ತಿಂಗಳಿಗೆ ಮಗು ದೊಡ್ಡದಾಗುವುದಿಲ್ಲವಲ್ಲ! ಅಂಥ ಮನೆ ಹುಡುಕಬೇಕು, ಅತ್ತೆ ಬಂದವರು ಏಳಬಾರದು ಎಂದು ನಿಶ್ಚಯಿಸಿದೆ. ಮಗುವನ್ನು ತವರಿನಲ್ಲಿ ಬಿಟ್ಟು ಹೊರಟೆ.

ಮೊದಲು ನೋಡಿದ ಮನೆಯೇ ಮನಸ್ಸಿಗೆ ಹಿಡಿಸಿತು. ಮುಂದೆ ತಂಪಾದ ಜಗುಲಿ, ಹಿಂದೆ ಸಿಹಿನೀರಿನ ಬಾವಿ, ನಡುವೆ ತೊಟ್ಟಿಲು ಕಟ್ಟಲು ಹೇಳಿ ಮಾಡಿಸಿದಂಥ ತೊಲೆ. ಒಡತಿ ಗೌರಮ್ಮನವರು ಪಕ್ಕದ ಮನೆಯಲ್ಲೇ ಇದ್ದರು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಎಲೆಯಡಿಕೆ. ಅವರ ಯಜಮಾನರು ಹಾಲ್ಕುರಿಕೆಯ ತೆಂಗಿನ ತೋಟದಲ್ಲಿ ಇರುವುದೇ ಹೆಚ್ಚು. ಗೌರಮ್ಮನವರು ನನ್ನನ್ನು ಕೂರಿಸಿ, ಬೆಲ್ಲ, ನೀರು ಕೊಟ್ಟು, ಪರೀಕ್ಷೆ ಶುರುಮಾಡಿದರು. ಯಾವ ಪೈಕಿ, ಮಾಂಸಗೀಂಸ ಉಂಟೋ, ನೆಂಟರಿಷ್ಟರು ಜಾಸ್ತಿಯೋ ಎಂದೆಲ್ಲ ಕೇಳಿದರು. ಇವಕ್ಕೆಲ್ಲ ನಾನು ದಾರಿಯುದ್ದಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಪಟಪಟನೆ ಹೇಳಿದೆ. ಅವರ ಮುಖ ಅರಳುತ್ತಾ ಬಂತು.

"ಅಡ್ಗೆ ಯಾತರಲ್ಲಿ ಮಾಡ್ತೀರವ್ವ?" ಎಂದರು ಕೊನೆಗೆ.

ಇಲ್ಲಿ ನನಗೆ ಜಂಬ ಉಕ್ಕಿಬಂತು. ವರ್ಷಗಟ್ಟಲೆ ಕಾದು ಪಡೆದ ಗ್ಯಾಸು ನಮ್ಮದು. ಸೌದೆ ಇಲ್ಲ, ಮಸಿ ಇಲ್ಲ, ನಿಮ್ಮ ಗೋಡೆಗೆ ಒಂದು ಚುಕ್ಕೆ ಕಪ್ಪು ಹತ್ತುವುದಿಲ್ಲ ಎಂದು ಕಂಪನಿಯ ಏಜೆಂಟಿನಂತೆ ವರ್ಣಿಸಿದೆ. ಗೌರಮ್ಮನವರ ಮುಖ ಬಾಡಿಹೋಯಿತು.

"ಹಂಗಾದ್ರೆ ಆಗಕ್ಕಿಲ್ಲ ಬುಡವ್ವ. ಬ್ಯಾರೆ ಕಡೆ ನೋಡ್ಕ."

ಸಿಲಿಂಡರ್ ಸಿಡಿಯುತ್ತದೆಂಬ ಭಯವಿರಬೇಕು, ಪಾಪ, ಎಂದುಕೊಂಡು ನಾನು ರಬ್ಬರ್ ಪೈಪು, ರೆಗ್ಯುಲೇಟರುಗಳ ಮೇಲೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಅವರು ತಾಳ್ಮೆಯಿಂದ ಕೇಳಿ, ಬಾಗಿಲತನಕ ಬಂದು ಕಳುಹಿಸಿಕೊಟ್ಟರು.

ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದ ತುರುವೇಕೆರೆಯ ಲಲಿತೆಗೆ ಇದನ್ನು ಹೇಳಿದರೆ ಅವಳು ಹೆಡ್‌ಫೋನ್ ಕಿತ್ತಿಟ್ಟು ನಕ್ಕಳು. "ಅಯ್ಯೋ ನಿನ್ನ! ಗ್ಯಾಸ್ ಐತೆ ಅಂತ ಜಂಬ ಕೊಚ್ಕಂಡು ಬಂದ್ಯೇನೇ? ಆ ಮನೆ ಅಟ್ಟದ ತುಂಬ ತೆಂಗಿನ್ಕಾಯಿ ಹಾಕವ್ರೆ ಕಣೇ. ಕೆಳಗೆ ಒಲೆ ಉರೀಬೇಕು, ಹೊಗೆ ಮ್ಯಾಲಕ್ಕೆ ಹೋಗ್ಬೇಕು. ಇಲ್ದಿದ್ರೆ ಕೊಬ್ರಿ ಬೂಷ್ಟು ಹಿಡೀತದೆ."

ಆಮೇಲೆ ನನಗೆ ಪೂರ್ತಿ ಅರ್ಥವಾಯಿತು. ಈ ಸೀಮೆಯವರು ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಇಡೀ ಉಂಡೆ ಕೊಬ್ಬರಿಯಾಗುತ್ತದೆ. ಮನೆಯವರು ದಿನಾ ಅನ್ನ, ಸಾರು ಮಾಡಿಕೊಳ್ಳುವ ಒಲೆಯ ಬಿಸಿ, ಹೊಗೆಯೇ ಅದಕ್ಕೆ ಆರೈಕೆ. ಅಂದರೆ ಗೌರಮ್ಮನವರು ಹುಡುಕುತ್ತಿದ್ದದ್ದು ಬಾಡಿಗೆ ಕೊಡುವವರನ್ನಲ್ಲ, ಹೊಗೆ ಹಾಕುವವರನ್ನು. ನಾನು ಹೊಗೆಯೇ ಇಲ್ಲವೆಂದು ಹೆಮ್ಮೆಯಿಂದ ಸಾರಿಬಂದಿದ್ದೆ.

ಗೀಜಗನ ಹಕ್ಕಿಯ ವಿಷಯ ನಿಮಗೆ ಗೊತ್ತಿರಬಹುದು. ಗಂಡು ಹಕ್ಕಿ ಗೂಡನ್ನು ಅರ್ಧ ಹೆಣೆದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದಂತೆ. ಹೆಣ್ಣು ಬಂದು ಒಳಹೊಕ್ಕು ನೋಡಿ, ಒಪ್ಪಿಗೆಯಾದರೆ ಮಾತ್ರ ಉಳಿಯುತ್ತದಂತೆ. ಒಪ್ಪದಿದ್ದರೆ ಅರ್ಧ ಗೂಡು ಕೊಂಬೆಯ ತುದಿಯಲ್ಲಿ ಹಾಗೇ ನೇತಾಡುತ್ತದೆ. ತಿಪಟೂರಿನ ಬಾವಿಗಳ ಮೇಲೆ ಬಾಗಿದ ತೆಂಗಿನ ಗರಿಗಳಲ್ಲಿ ಅಂಥ ಅರೆಗೂಡುಗಳನ್ನು ಕಂಡಾಗಲೆಲ್ಲ ನಾನು ನಿಟ್ಟುಸಿರು ಬಿಡುತ್ತಿದ್ದೆ. ಪಕ್ಷಿಶಾಸ್ತ್ರದವರು ಹೆಣ್ಣು ಗೂಡನ್ನು ಒಪ್ಪುವುದನ್ನಷ್ಟೇ ಬರೆದಿದ್ದಾರೆ. ಗೂಡೇ ಹಕ್ಕಿಯನ್ನು ಬೇಡವೆಂದರೆ ಏನು ಮಾಡಬೇಕೆಂದು ಯಾರೂ ಬರೆದಿಲ್ಲ.

ಬೇರೆ ಮನೆಗಳನ್ನೂ ನೋಡಿದೆ. ಒಂದು ಕೊಬ್ಬರಿ ಮಂಡಿಯ ಪಕ್ಕ. ಹರಾಜಿನ ದಿನ ಲಾರಿಗಳು ಜಗುಲಿಯ ಮೇಲೇ ಬಂದು ನಿಲ್ಲುವಂತಿದ್ದವು. ಇನ್ನೊಂದು ಒಬ್ಬ ದರ್ಜಿ ಸಾಹೇಬರ ಮಹಡಿ ಮನೆ. ಸಾಹೇಬರು ಒಳ್ಳೆಯವರು. "ಖಾಲಿ ಇದೆ, ನಾಳೇನೇ ಬನ್ನಿ ಮೇಡಂ" ಎಂದರು. ಆದರೆ ಮೆಟ್ಟಿಲು ಏಣಿಯ ಹಾಗಿತ್ತು. ಅತ್ತೆಯನ್ನು ಒಮ್ಮೆ ಹತ್ತಿಸಿದರೆ ಮತ್ತೆ ಇಳಿಸುವ ಹಾಗಿಲ್ಲ. ಒಂದು ಲೆಕ್ಕದಲ್ಲಿ ಅದು ನನಗೆ ಅನುಕೂಲವೇ ಎಂಬ ದುಷ್ಟ ಯೋಚನೆಯೂ ಸುಳಿದು ಹೋಯಿತೆನ್ನಿ. ಲಾಡ್ಜಿನ ರೂಮಿನಲ್ಲಿ ಕೂತು ಮಗಳನ್ನು ನೆನೆದರೆ ಅಳು ಬರುತ್ತಿತ್ತು. ರಾಜೀನಾಮೆಯ ಒಕ್ಕಣೆಯನ್ನೂ ಮನಸ್ಸಿನಲ್ಲೇ ಬರೆಯತೊಡಗಿದ್ದೆ.

ಕೊನೆಗೆ ನನ್ನ ಕಾಗದ ಓದಿಸಿಕೊಂಡು ಅತ್ತೆಯೇ ಬಸ್ಸು ಹತ್ತಿ ಬಂದಿಳಿದರು. "ನಿನ್ನ ಕೈಲಿ ಆಗೋದಲ್ಲ ಅಂತ ಗೊತ್ತಿತ್ತು ಕಣೇ. ನಡಿ, ಆ ಬೇಡ ಅಂದೋರ ಮನೆ ಮೊದಲು ತೋರ್ಸು" ಎಂದರು. ಬೇಡವೆಂದವರ ಮನೆಗೆ ಮತ್ತೆ ಹೋಗುವುದಕ್ಕೆ ನನಗೆ ನಾಚಿಕೆ. ಅವರಿಗೆ ಅಂಥದ್ದೆಲ್ಲ ಇಲ್ಲ.

ನಾವು ಹೋದಾಗ ಗೌರಮ್ಮನವರು ಆ ಖಾಲಿ ಮನೆಯ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದರು. ಬಾಡಿಗೆಯವರು ಸಿಗುವತನಕ ಹೊತ್ತುಹೊತ್ತಿಗೆ ಬಂದು ಬರೀ ಬೆಂಕಿ ಹಾಕಿ ಹೋಗುವ ಕರ್ಮ ಅವರದಾಗಿತ್ತು. "ಅನ್ನಕ್ಕಿಡದಂಗೆ ಒಲೆ ಉರಿಸೋದು ಅಂದ್ರೆ ಜೀವ ಚುರುಕ್ ಅಂತದೆ ಕಣವ್ವ" ಎಂದು ಅತ್ತೆಯ ಹತ್ತಿರ ತೋಡಿಕೊಂಡರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೂತು, ಹಸಿ ಮಟ್ಟೆಯನ್ನು ಪಕ್ಕಕ್ಕೆ ಸರಿಸಿ, ಒಣಗಿದ ಗರಿ ತುರುಕಿ, ಮೇಲೆ ಎರಡು ಚಿಪ್ಪು ಬೋರಲು ಹಾಕಿ, ಊದುಗೊಳವೆಯಲ್ಲಿ ಒಂದು ಉಸಿರು ಊದಿದರು. ಭಗ್ ಎಂದು ಹತ್ತಿಕೊಂಡಿತು. ಬೆಂಕಿಯ ಬೆಳಕಿನಲ್ಲಿ ಅವರ ಮುಖ ನೋಡಿದೆ. ನಾನು ಸೊಸೆಯಾಗಿ ಬಂದ ಮೇಲೆ ಆ ಮುಖದಲ್ಲಿ ಅಷ್ಟು ಸಂತೋಷ ಕಂಡದ್ದು ಅದೇ ಮೊದಲು.

"ಗ್ಯಾಸ್ ಬಂದಾಗಿನಿಂದ ನಾನು ನಿಮ್ಮನೇಲಿ ನೆಂಟಳ ಥರ ಕೂತಿದೀನಿ ಕಣೇ" ಎಂದರು, ನನ್ನ ಕಡೆ ತಿರುಗದೆ. "ಆ ತಿರುಪು ತಿರುಗಿಸೋಕೆ ನಂಗೆ ಭಯ. ಒಂದು ಲೋಟ ಕಾಫಿಗೂ ನೀನು ಬರೋತನಕ ಕಾಯ್ಬೇಕು."

ಹೊಗೆಗೆ ಎಂದು ಹೇಳಿಕೊಂಡು ಕಣ್ಣೊರೆಸಿಕೊಂಡೆ. ಅತ್ತೆಗೆ ಒಲೆಯಿಂದ ಬಿಡುಗಡೆ ಕೊಡಿಸಿದೆನೆಂದು ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದ್ದವಳು ನಾನು!

ಆ ಮನೆ ನಮಗೆ ಸಿಕ್ಕಿತು. ಸಿಕ್ಕಿದ್ದು ಅತ್ತೆಗೆ, ನಾನು ಜೊತೆಗೆ ಸೇರಿಕೊಂಡೆ ಎನ್ನುವುದು ಸರಿ. ಉರುವಲು ಗೌರಮ್ಮನವರದೇ, ತೋಟದಿಂದ ಗಾಡಿಗಟ್ಟಲೆ ಬರುತ್ತಿತ್ತು. ಸಿಲಿಂಡರಿಗೆ ಅತ್ತೆ ಒಂದು ಹಳೆಯ ಪಂಚೆ ಹೊದಿಸಿ ಮೂಲೆಗೆ ನಿಲ್ಲಿಸಿದರು. ಮಗುವಿನ ತೊಟ್ಟಿಲು ಹೊಗೆ ಬಾರದ ಮುಂದಿನ ತೊಲೆಗೆ ಏರಿತು. ನಾನು ಎಕ್ಸ್‌ಚೇಂಜಿಗೆ ಹೋದರೆ "ಬಂತಪ್ಪ ಕೊಬ್ರಿ" ಎಂದು ಲಲಿತೆ ಮೂಗು ಹಿಡಿದುಕೊಳ್ಳುವಳು. ಹಿಡಿದುಕೊಳ್ಳಲಿ. ಒಂದು ತಿಂಗಳು ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. "ಕಾಯಿ ಇಳಿಸಲಿ, ಆಮೇಲೆ ಹೋದರಾಯ್ತು" ಎಂದು ಅತ್ತೆ ನಂಜನಗೂಡಿಗೆ ಹೇಳಿ ಕಳುಹಿಸಿದರು.

ಮಾರನೆಯ ವರ್ಷ ಕಾಯಿ ಇಳಿಸಿಯೂಬಿಟ್ಟರು. ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಎನ್ನುತ್ತಿತ್ತು. ಅತ್ತೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ತಾವೇ ಹೆತ್ತ ಹಾಗೆ ಬೀಗುತ್ತಿದ್ದರು. ನನ್ನ ಎದೆಯೂ ಗಡಗಡ ಎನ್ನುತ್ತಿತ್ತು, ಬೇರೆ ಕಾರಣಕ್ಕೆ. ಅಟ್ಟ ಬರಿದಾಯಿತು. ಮಾತು ಕೊಟ್ಟಂತೆ ಕರೆದೊಯ್ಯಲು ನಮ್ಮ ಭಾವನವರು ನಂಜನಗೂಡಿನಿಂದ ಬಂದು ಜಗುಲಿಯಲ್ಲಿ ಕೂತರು. ಆ ಬೆಳಿಗ್ಗೆಯೇ ಗೌರಮ್ಮನವರ ಗಾಡಿ ಹಾಲ್ಕುರಿಕೆಯಿಂದ ಹೊಸ ಕಾಯಿ ಹೇರಿಕೊಂಡು ಬಾಗಿಲಿಗೆ ಬಂತು.

"ಹೊರಡೋಣವಾ ಅಮ್ಮ?" ಎಂದರು ಭಾವನವರು.

ಅತ್ತೆ ಗಾಡಿಯ ಕಡೆ ನೋಡಿದರು, ಒಲೆಯ ಕಡೆ ನೋಡಿದರು, ಕೊನೆಗೆ ನನ್ನ ಕಡೆ ನೋಡಿದರು. "ಹೊರಡೋದು ಹೇಗಪ್ಪ? ಇವಳ ಕೈಗೆ ಒಲೆ ಕೊಟ್ಟು ಹೋದ್ರೆ ಆ ಗೌರಮ್ಮನೋರ ಕಾಯೆಲ್ಲ ಬೂಷ್ಟು ಹಿಡಿದು ಹಾಳಾಗುತ್ತೆ. ಒಂದು ಬೆಂಕಿ ಹಚ್ಚೋಕೂ ಬರೋದಿಲ್ಲ ಇವಳಿಗೆ" ಎಂದರು.

ಸೊಸೆಯೊಬ್ಬಳು ಕೇಳಿಸಿಕೊಂಡ ಬೈಗುಳಗಳಲ್ಲಿ ಇದಕ್ಕಿಂತ ಸಿಹಿಯಾದದ್ದು ಇರಲಾರದು. "ನಿಜ, ನಂಗೆ ಏನೂ ಬರೋದಿಲ್ಲ ಭಾವ" ಎಂದು ಒಪ್ಪಿಕೊಂಡು, ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ಪಾಳಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೊರಟೆ.