ಹದಿಮೂರು ಮುಖ, ಹನ್ನೆರಡು ಬ್ರಷ್ಷು

1989ರಲ್ಲಿ ನಾನು ಸ್ಕೂಲು ಬಿಟ್ಟೆ. ಏಳನೇ ಕ್ಲಾಸು. ಫೇಲಾಗಿ ಬಿಟ್ಟದ್ದಲ್ಲ (ಇದನ್ನ ನಾನು ಯಾವಾಗಲೂ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ). ಅಪ್ಪ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಏಣಿ ಹಿಡಿಯೋಕೆ ಒಬ್ಬ ಬೇಕಿತ್ತು. ಹಿಡಿದೆ. ಅವತ್ತಿಂದ ನನ್ನ ಕೆಲಸವನ್ನ ಯಾರೂ ನಿಂತು ಪರೀಕ್ಷೆ ಮಾಡಿರಲಿಲ್ಲ.

ಹೋದ ತಿಂಗಳು ಒಬ್ಬ ತಾಯಿ ಮಾಡಿದರು.

ಬಣ್ಣ ನನ್ನ ಕಸುಬು ಅಂತ ಈ ಅಂಕಣ ಓದೋರಿಗೆ ಗೊತ್ತು. ಮೊದಲು ಗೋಡೆ. ಆಮೇಲೆ ಅಂಗಡಿ ಬೋರ್ಡು. ಫ್ಲೆಕ್ಸ್ ಬಂದು ಬೋರ್ಡು ಮಲಗಿದ ಮೇಲೆ ಬರೀ ಮುಖ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ, ಈ ನಾಲ್ಕು ತಾಲ್ಲೂಕಲ್ಲಿ ಎಲ್ಲೇ ಪೌರಾಣಿಕ ನಾಟಕ ಇರಲಿ, ಮೇಕಪ್ಪಿಗೆ ನನ್ನನ್ನ ಕರೀತಾರೆ. ಪಾವಗಡದ ಕಡೆ "ಮೇಕಪ್ಪು ಎವುರು ಚೇಸಿನಾರು?" ಅಂತ, ಮಾಡಿದ್ದು ಯಾರು ಅಂತ ತೆಲುಗಲ್ಲಿ ಕೇಳಿಕೊಂಡು ಬಂದು ಕೈ ಕುಲುಕಿದೋರು ಇದ್ದಾರೆ. ಈಗೀಗ ಸ್ಕೂಲುಗಳೂ ಕರೆಯುತ್ತವೆ. ಮಕ್ಕಳ ಮುಖಕ್ಕೆ ಹುಲಿ, ಚಿಟ್ಟೆ, ಬೆಕ್ಕಿನ ಮೀಸೆ. ಇದಕ್ಕೆ ಫೇಸ್ ಪೇಂಟಿಂಗ್ ಅಂತಾರೆ. ಮೂವತ್ತು ವರ್ಷದಿಂದ ನಾನು ಮಾಡ್ತಿದ್ದದ್ದಕ್ಕೆ ಈ ಹೆಸರಿದೆ ಅಂತ ನನಗೆ ಗೊತ್ತೇ ಇರಲಿಲ್ಲ!

ಮಧುಗಿರಿಯ ಒಂದು ಸ್ಕೂಲಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಏಳೆಂಟು ಹುಲಿ ಮುಗಿದಿತ್ತು. ಒಂದು ಪುಟ್ಟ ಹುಡುಗಿ ಚಿಟ್ಟೆ ಬೇಕು ಅಂತ ಬಂದು ಕೂತಳು. ಹಿಂದೆ ಅವಳ ತಾಯಿ.

"ಅಂಕಲ್, ಎಲ್ಲಾ ಮಕ್ಕಳಿಗೂ ಇದೇ ಬ್ರಷ್ಷಾ?"

"ಹೂನಮ್ಮ."

"ಮಧ್ಯದಲ್ಲಿ ತೊಳೀತೀರಾ?"

"ನೀರಲ್ಲಿ ಅದ್ದುತ್ತೀನಲ್ಲಮ್ಮ."

ಅವರು ನನ್ನ ಮಗ್ಗಿನ ಕಡೆ ನೋಡಿದರು. ನಾನೂ ನೋಡಿದೆ. ನೀರು ಟೀ ಬಣ್ಣಕ್ಕೆ ತಿರುಗಿತ್ತು.

"ಬೇಡ ಬಿಡಿ ಅಂಕಲ್. ಇವಳಿಗೆ ಸ್ಕಿನ್ ಸೆನ್ಸಿಟಿವ್."

ಹುಡುಗಿ ಅಳುತ್ತಾ ಎದ್ದುಹೋದಳು. ನಾನು ಹೊರಡುವಾಗ ಹೆಡ್‌ಮಿಸ್ಸು, "ಆನ್ಯುಯಲ್ ಡೇಗೂ ನೀವೇ ಬರಬೇಕು, ಅರವತ್ತು ಮಕ್ಕಳಿದ್ದಾರೆ. ಆದರೆ ಬ್ರಷ್ ಮಾತ್ರ ಬೇರೆ ಬೇರೆ ಇರಲಿ" ಅಂದರು. ಬಯ್ಯಲಿಲ್ಲ. ನಗುತ್ತಲೇ ಹೇಳಿದರು. ನಕ್ಕದ್ದೇ ಜಾಸ್ತಿ ಉರಿಯಿತು.

ಮನೆಗೆ ಬಂದು ಹೆಂಡತಿ ರತ್ನಳ ಮುಂದೆ ಕೂಗಾಡಿದೆ. "ನನ್ನ ಬ್ರಷ್ಷು ಗಲೀಜಂತೆ! ಎಷ್ಟು ಊರಲ್ಲಿ ಎಷ್ಟು ರಾಜರನ್ನ ಮಾಡಿದ್ದೀನಿ ಇದರಲ್ಲಿ!"

"ರಾಜರು ಸಿಗರೇಟು ಸೇದ್ಕಂಡು ಕೂತಿರ್ತಾರೆ, ಅವರಿಗೇನು. ಮಗೀನ ಮುಖ ಕಣಪ್ಪ ಅದು. ಕೇಳೋದ್ರಲ್ಲಿ ಏನ್ ತಪ್ಪೈತೆ?"

ತಪ್ಪೇನೂ ಇರಲಿಲ್ಲ. ಅದಕ್ಕೇ ರೇಗಿದ್ದು.

ಅವತ್ತೇ ಫೋನಲ್ಲಿ ಹುಡುಕಿದೆ. ಫೇಸ್ ಪೇಂಟಿಂಗ್ ಬ್ರಷ್, ಹನ್ನೆರಡರ ಸೆಟ್, ಮೂರೂವರೆ ಸಾವಿರ. ಎರಡು ಸಲ ಸೊನ್ನೆ ಎಣಿಸಿದೆ. ಸಿರಾದ ಪೇಂಟ್ ಅಂಗಡಿ ಸಾಹೇಬರಿಗೆ ಫೋನ್ ಮಾಡಿದೆ, ನನ್ನ ಬ್ರಷ್ಷು ಅವರ ಅಂಗಡಿಯದೇ. "ಅಷ್ಟು ಪೈಸೆಗೆ ನಿಮ್ ಮನೆ ಹಾಲ್‌ಗೆ ಪೂರಾ ಪೇಂಟ್ ಕೊಡ್ತೀನಿ ಉಸ್ತಾದ್, ಯಾಕೆ ಬೇಕು ಹುಚ್ಚಾಟ" ಅಂದರು. ಸರಿ ಅನ್ನಿಸಿತು. ಮಾರನೇ ದಿನ ಆ ತಾಯಿಯ ಮುಖ ನೆನಪಾಯಿತು. ಆರ್ಡರ್ ಒತ್ತಿದೆ. ಒಂದು ಗಂಟೆ ಬಿಟ್ಟು ಕ್ಯಾನ್ಸಲ್ ಮಾಡಿದೆ. ಸಾಯಂಕಾಲ ಮತ್ತೆ ಒತ್ತಿದೆ. (ನಗಬೇಡಿ. ನೀವು ಚಪ್ಪಲಿಗೆ ಹೀಗೆ ಮಾಡಿಲ್ವಾ?)

ಬಂತು. ದಪ್ಪ, ಸಣ್ಣ, ಚಪ್ಪಟೆ, ಚೂಪು ಅಂತ ಹನ್ನೆರಡು. ಕಂಪನಿಯವರ ಲೆಕ್ಕದಲ್ಲಿ ಹನ್ನೆರಡೂ ಸೇರಿ ಒಂದು ಮುಖಕ್ಕಂತೆ! ನನಗೆ ಬೇಕಾಗಿದ್ದು ಮುಖಕ್ಕೊಂದು. ಒಂದನ್ನ ತೆಗೆದು ಕಾಡಿಗೆಯಲ್ಲಿ ಅದ್ದಿ ಅಂಗೈ ಮೇಲೆ ಹುಬ್ಬು ಎಳೆದೆ. ಒಂದೇ ಎಳೆತ. ಶುರುವಲ್ಲಿ ದಪ್ಪ, ತುದಿಯಲ್ಲಿ ಕೂದಲೆಳೆ. ಒಂದು ಕೂದಲೂ ಉದುರಲಿಲ್ಲ. ನಿಜ ಹೇಳ್ತೀನಿ, ಇಂಥದ್ದು ಇಪ್ಪತ್ತು ವರ್ಷದ ಹಿಂದೆ ಕೈಗೆ ಬಂದಿದ್ದರೆ ನಾನು ಬೇರೇನೇ ಆಗಿರ್ತಿದ್ದೆ ಅನ್ನಿಸಿತು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಒಳ್ಳೇ ಸಾಮಾನು, ಕೊಂಡೆ, ಸರಿಹೋಯ್ತು. ಮುಗೀಲಿಲ್ಲ.

ಆ ವಾರವೇ ಕೊರಟಗೆರೆ ಕಡೆ ಒಂದು ಊರಲ್ಲಿ ನಾಟಕ ಇತ್ತು. ಆ ಊರಿಗೆ ನಾನು ಇಪ್ಪತ್ತೆರಡು ವರ್ಷದಿಂದ ಹೋಗ್ತಾ ಇದ್ದೀನಿ. ಅಲ್ಲಿ ಹನುಮಂತರಾಯ ಅಂತ ಒಬ್ಬ ಲೈನ್‌ಮನ್ನು. ಗದೆ ಹಿಡಿಯೋ ಪಾರ್ಟು ಯಾವಾಗಲೂ ಅವನದೇ. ಅವನು ಬಾಯಿ ತೆಗೆದರೆ ಮೈಕು ದಂಡ. ನಾವಿಬ್ಬರೂ ಒಂದೇ ವಯಸ್ಸಿನವರು, ಲೇ ಅಂತಲೇ ಮಾತು.

ಮೊದಲನೇ ವರ್ಷದ ವಿಷಯ ಹೇಳಬೇಕು. ಹನುಮಂತರಾಯ ಊರಾಚೆ ಕಾಲೋನಿಯವನು. ಕಾಲೋನಿಯವನೊಬ್ಬ ಆ ಊರ ನಾಟಕದಲ್ಲಿ ಪಾರ್ಟು ಮಾಡಿದ್ದು ಅದೇ ಮೊದಲು. ಬಣ್ಣ ಶುರು ಮಾಡೋ ಮುಂಚೆ ಊರ ಯಜಮಾನರೊಬ್ಬರು ನನ್ನನ್ನ ಪಕ್ಕಕ್ಕೆ ಕರೆದರು. "ಅವನಿಗೆ ಕೊನೆಗೆ ಹಾಕು. ಬ್ರಷ್ಷು ಬೇರೆ ಇರ್ಲಿ."

"ನನ್ನತ್ರ ಇರೋದೇ ಒಂದು ಬ್ರಷ್ಷು ಯಜಮಾನ್ರೇ. ಬೇಕಿದ್ರೆ ನೀವೇ ತಂದುಕೊಡಿ" ಅಂದೆ. ಅಂದವನೇ ಹನುಮಂತರಾಯನನ್ನ ಮೊದಲು ಕೂರಿಸಿದೆ. ಆಮೇಲೆ ಅದೇ ಬ್ರಷ್ಷಲ್ಲಿ ಉಳಿದವರೆಲ್ಲರಿಗೂ ಮೀಸೆ ಬರೆದೆ. ಯಾರೂ ಉಸಿರೆತ್ತಲಿಲ್ಲ. ನಾಟಕದ ಹೊತ್ತಾಗಿತ್ತು, ಎತ್ತಿದರೆ ಮೀಸೆ ಇಲ್ಲ!

ಈ ಕತೆಯನ್ನ ಹನುಮಂತರಾಯ ನಾಲ್ಕೂ ತಾಲ್ಲೂಕಲ್ಲಿ ಹೇಳಿದ್ದಾನೆ. ಸಿಕ್ಕಿದೋರಿಗೆಲ್ಲ ಆ ಬ್ರಷ್ಷು ತೋರಿಸಿದ್ದಾನೆ. "ಇದೇ ಕಣ್ಲಾ ಅದು." ನಾನು ಪಕ್ಕದಲ್ಲಿ ನಿಂತು ಏನೂ ಕೇಳಿಸದವನ ಹಾಗೆ ಮುಖ ಮಾಡ್ತಿದ್ದೆ. ಒಳಗೆ ಎದೆ ಉಬ್ಬುತ್ತಿತ್ತು. ಓದಿದವರು ಯಾರೂ ಮಾಡದ್ದನ್ನ ನಾನು ಮಾಡಿದ್ದೆನಲ್ಲ.

ಈಗ ಹೊಸ ಸೆಟ್ಟಿಗೆ ಬರೋಣ. ನಾಟಕದಲ್ಲಿ ಹದಿಮೂರು ಪಾರ್ಟು. ಬ್ರಷ್ಷು ಹನ್ನೆರಡು. ಹಿಂದಿನ ದಿನ ಮನೆಯಲ್ಲಿ ಕೂತು ಒಂದೊಂದಕ್ಕೂ ಚೀಟಿ ಕಟ್ಟಿದೆ. ನೀಲಿ, ಕೆಂಪು, ರಾಜ, ಮಂತ್ರಿ, ರಾಣಿ... ಹನ್ನೆರಡಕ್ಕೆ ಮುಗಿಯಿತು. ಇಬ್ಬರಿಗೆ ಒಂದು ಮಾಡಬೇಕು. ಆದರೆ ಯಾರಿಗೆ ಯಾರ ಜೊತೆ? ಆ ಲೆಕ್ಕ ಹಾಕೋಕೆ ಕೂತಾಗಲೇ ನನಗೆ ಒಂಥರಾ ಆಯಿತು. ತಕ್ಷಣ ಹೊಳೆಯಿತು. ಹನುಮಂತರಾಯನಿಗೆ ಹಳೇದು! ನಮ್ಮಿಬ್ಬರ ಬ್ರಷ್ಷು. ಅವನಷ್ಟು ಹೆಮ್ಮೆಯಿಂದ ಅದನ್ನ ಬೇರೆ ಯಾರು ಹಚ್ಚಿಸಿಕೊಳ್ತಾರೆ? ಸೋಪು ಹಾಕಿ ತೊಳೆದು, ಹೊಸ ಬಟ್ಟೆಯಲ್ಲಿ ಸುತ್ತಿಟ್ಟೆ.

ನಾಟಕದ ದಿನ ಸಾಯಂಕಾಲ ನಾಲ್ಕಕ್ಕೇ ಊರ ಸ್ಕೂಲಿನ ರೂಮಲ್ಲಿ ಬಣ್ಣ ಶುರು ಮಾಡಿದೆ. ನೀಲಿ ಪಾರ್ಟು ಗೊಬ್ಬರದಂಗಡಿ ಮಂಜುನಾಥನದು. ಡೆಸ್ಕಿನ ಮೇಲೆ ಚೀಟಿ ಕಟ್ಟಿದ ಬ್ರಷ್ಷುಗಳ ಸಾಲು ನೋಡಿ ಅವನ ಮುಖ ಅರಳಿತು.

"ಒಳ್ಳೇ ಕೆಲ್ಸ ಮಾಡ್ದೆ ರಾಜಣ್ಣ. ಇಷ್ಟು ವರ್ಸ ಬಾಯಿಬಿಟ್ಟು ಹೇಳಕ್ಕಾಗ್ತಿರ್ಲಿಲ್ಲ."

"ಏನನ್ನ?"

"ಅದೇ... ನೀಟಾಗಿರ್ಲಿಲ್ಲ ಅಂತ."

ಬಣ್ಣ ಬಳಿಯುತ್ತಾ ಹೋದೆ. ಅವನು ಹೇಳಿದ್ದು ನೀರಿನ ಮಗ್ಗಿನ ವಿಷಯವಾ, ಇನ್ನೇನಾದರೂವಾ? ನನಗೆ ಇವತ್ತಿಗೂ ಗೊತ್ತಿಲ್ಲ. ಅವನಿಗಾದರೂ ಗೊತ್ತಾ ಅನ್ನೋದೂ ಗೊತ್ತಿಲ್ಲ.

ಅಷ್ಟೊತ್ತಿಗೆ ಹನುಮಂತರಾಯ ಡ್ಯೂಟಿ ಮುಗಿಸಿಕೊಂಡು, ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದೇ ಬಂದ.

"ಏನ್ಲಾ ರಾಜ, ಮದ್ವೆ ಊಟಕ್ಕೆ ಎಲೆ ಹಾಕ್ದಂಗೆ ಜೋಡ್ಸಿದ್ಯಾ! ನನ್ನ ಎಲೆ ಯಾವುದ್ಲಾ?"

ಎಲ್ಲರೂ ನಕ್ಕರು. ನಾನು ನಗುತ್ತಲೇ ಬ್ಯಾಗಿಂದ ಬಟ್ಟೆ ಬಿಚ್ಚಿ ಹಳೇ ಬ್ರಷ್ಷು ತೆಗೆದೆ. "ನಿಂದು ಇದು."

ಅವನು ಡೆಸ್ಕಿನ ಸಾಲು ನೋಡಿದ. ನನ್ನ ಕೈ ನೋಡಿದ.

"ಎಲ್ರಿಗೂ ಹೊಸದು."

"ಹೂಂ."

"ನಂಗೆ ಇದು."

"ಲೇ, ಇದು ನಮ್ಮ ಬ್ರಷ್ಷು ಕಣೋ. ನೀನೇ ಊರೂರಲ್ಲಿ ಹೇಳ್ಕಂಡು ತಿರುಗ್ತಿದ್ದಲ್ಲ?"

"ನಮ್ದಾ? ಹಂಗಾರೆ ಇವತ್ತು ಇದ್ರಲ್ಲಿ ಇನ್ಯಾರಿಗಾದ್ರೂ ಹಾಕಿದ್ಯಾ?"

ಮಂಜುನಾಥ ಬಣ್ಣ ಒಣಗಲಿ ಅಂತ ಕಣ್ಣು ಮುಚ್ಚಿ ಕೂತಿದ್ದವನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡ.

"ಇಲ್ಲ" ಅಂದೆ.

"ಕೊಡಿ ಇಲ್ಲಿ ರಾಜಣ್ಣೋರೆ."

ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಬ್ರಷ್ಷು ಇಸಕೊಂಡು, ಕನ್ನಡಿ ಮುಂದೆ ಕೂತು, ತಾನೇ ಬಳಿದುಕೊಂಡ. ಮೀಸೆ ಒಂದು ಕಡೆ ಮೇಲೆ ಹೋಯಿತು, ಒಂದು ಕಡೆ ಕೆಳಗೆ. ಸರಿ ಮಾಡೋಣ ಅಂತ ಕೈ ಚಾಚಿದೆ. ಮುಖ ಅತ್ತ ತಿರುಗಿಸಿದ. ಜೋರಾಗಿ ಅಲ್ಲ, ಸ್ವಲ್ಪವೇ. "ಬುಡಿ, ದೂರಕ್ಕೆ ಯಾರಿಗೆ ಕಾಣ್ತದೆ."

ನಾಟಕ ನಡೆಯಿತು. ಅವನಿಗೆ ಶಿಳ್ಳೆಯೂ ಬಿತ್ತು. ಬಣ್ಣ ಅಳಿಸಿಕೊಂಡು ಹೊರಡುವಾಗ ಬ್ರಷ್ಷನ್ನ ಜೇಬಿಗಿಟ್ಟುಕೊಂಡ. "ನಂಗೇ ಅಂತ ಇಟ್ಟಿದ್ರಲ್ಲ, ನನ್ನತ್ರನೇ ಇರ್ಲಿ."

ಬೆಳಿಗ್ಗೆ ರತ್ನಳಿಗೆ ಹೇಳಿದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಇನ್ನೊಂದು ಬ್ರಷ್ಷು ಕೊಂಡಿದ್ರೆ ಹದಿಮೂರಾಗ್ತಿತ್ತು. ಇಷ್ಟು ಕತೆನೇ ಇರ್ತಿರ್ಲಿಲ್ಲ."

"ಬಿಡಿಯಾಗಿ ಮಾರಲ್ವಂತೆ ಕಣೆ."

"ಹಂಗಾದ್ರೆ ಹೋಗಿ ತಪ್ಪಾಯ್ತು ಅಂತ ಹೇಳು."

"ಯಾವುದು ತಪ್ಪು ಅಂತ ನಂಗೆ ಮೊದ್ಲು ಗೊತ್ತಾಗ್ಲಿ."

"ಅದು ಗೊತ್ತಾಗೋವರ್ಗೂ ಅವನು ಕಾಯ್ಕಂಡು ಕೂತಿರ್ತಾನಾ?" ಅಂದಳು. ಜರಡಿ ನಿಲ್ಲಿಸಲಿಲ್ಲ.

ಯಾವುದು ತಪ್ಪು? ನೀವೇ ಹೇಳಿ. ಮಗುವಿನ ಮುಖಕ್ಕೆ ಶುದ್ಧವಾದ ಬ್ರಷ್ಷು ಬೇಕು ಅಂದ ತಾಯಿಯದಾ? ಅಲ್ಲ. ಆ ಮಾತು ಕೇಳಿ ದುಡ್ಡು ಸುರಿದ ನನ್ನದಾ? ಅದೂ ಅಲ್ಲ ಅನ್ನಿಸುತ್ತೆ. ಮುಖಕ್ಕೊಂದು ಬ್ರಷ್ಷು ಅಂದರೆ ಸ್ಕೂಲಲ್ಲಿ ಅದು ನೀಟು. ಅದೇ ಮಾತು ಆ ಊರಲ್ಲಿ, ಆ ರೂಮಲ್ಲಿ ಅಂದರೆ? ಯಜಮಾನರು ಅವತ್ತು ಕೇಳಿದ್ದೂ ಅದೇ ಅಲ್ಲವಾ? ಅವತ್ತು ಆಗಲ್ಲ ಅಂದವನು ನಾನು. ಇಪ್ಪತ್ತೆರಡು ವರ್ಷ ಬಿಟ್ಟು ಚೀಟಿ ಕಟ್ಟಿಕೊಂಡು ಹೋದವನೂ ನಾನೇ.

ಹೋಗಲಿ, ಹಳೇದನ್ನೇ ಎಲ್ಲರಿಗೂ ಹಾಕಿ, ಒಬ್ಬೊಬ್ಬರಾದ ಮೇಲೂ ಸೋಪು ಹಚ್ಚಿ ತೊಳೆದಿದ್ದರೆ? ಹನುಮಂತರಾಯ ಎದ್ದ ಮೇಲೆ ಅವನ ಕಣ್ಣೆದುರೇ ತೊಳೆದು ಮಂಜುನಾಥನನ್ನ ಕೂರಿಸಿದರೆ ಅದು ಹೆಂಗೆ ಕಾಣುತ್ತೆ? ಮಂಜುನಾಥ ಎದ್ದ ಮೇಲೆ ತೊಳೆದು ಹನುಮಂತರಾಯನನ್ನ ಕೂರಿಸಿದರೆ? ನೀರು ಅದೇ, ಸೋಪು ಅದೇ. ಆದರೂ ಎರಡೂ ಒಂದೇ ಅಲ್ಲ ಅಂತ ತಲೆ ಹೇಳುತ್ತೆ. ಯಾಕೆ ಅಂತ ಕೇಳಿದರೆ ತಲೆ ಸುಮ್ಮನಾಗುತ್ತೆ.

ಇನ್ನೊಂದು ಇದೆ. ಮುಖಕ್ಕೆ ಮೊದಲು ಬಳಿಯೋ ಮೈಬಣ್ಣಕ್ಕೆ ಬ್ರಷ್ಷು ಬೇಡ, ಅಂಗೈಯಲ್ಲೇ ತೀಡೋದು. ಅವತ್ತು ಹನ್ನೆರಡು ಮುಖದ ಮೇಲೂ ಓಡಾಡಿದ್ದು ನನ್ನ ಇದೊಂದೇ ಅಂಗೈ. ಅದನ್ನ ಯಾರೂ ಕೇಳಲಿಲ್ಲ. ಆ ತಾಯಿಯೂ ಕೇಳಲಿಲ್ಲ, ಯಜಮಾನರೂ ಕೇಳಿರಲಿಲ್ಲ. ಕೈಗೆ ಸೆಟ್ ಸಿಗಲ್ಲ ಅಂತಲಾ?

ಎಲ್ಲಕ್ಕಿಂತ ಕಾಡೋದು ಇನ್ನೊಂದು. ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತೀನಿ. ಅವತ್ತು ಯಜಮಾನರಿಗೆ "ಇರೋದೇ ಒಂದು" ಅಂದೆನಲ್ಲ, ಅದು ಧೈರ್ಯದ ಮಾತು ಅಂತ ಎಲ್ಲರೂ ಹೊಗಳಿದರು. ನಿಜಕ್ಕೂ ನನ್ನ ಹತ್ರ ಇದ್ದದ್ದೇ ಒಂದು. ಎರಡನೇದಕ್ಕೆ ಗತಿ ಇರಲಿಲ್ಲ. ಎರಡಿದ್ದಿದ್ದರೆ ನಾನು ಏನು ಮಾಡ್ತಿದ್ದೆ? ಅವನಿಗೆ ಬೇರೆಯದು ತೆಗೀತಿರಲಿಲ್ಲ ಅಂತ ಎದೆ ತಟ್ಟಿ ಹೇಳಬೇಕು ಅಂತ ಆಸೆ. ಆದರೆ ಮೊನ್ನೆ ಕೈಯಲ್ಲಿ ಹನ್ನೆರಡಿದ್ದವು. ಹದಿಮೂರು ಜನರಲ್ಲಿ ಹೊಸದಿಲ್ಲದವನು ಯಾರು ಅಂತ ಹುಡುಕಿದಾಗ ಒಂದು ಕ್ಷಣವೂ ತಡವಾಗದೆ ಅವನ ಹೆಸರು ಬಂತು. ಪ್ರೀತಿಯಿಂದ ಬಂತು ಅಂತಲೇ ನಂಬಿದ್ದೀನಿ. ಪ್ರೀತಿ ಅಷ್ಟು ಬೇಗ ಬರುತ್ತಾ?

ನಿನ್ನೆ ಹೆಡ್‌ಮಿಸ್ಸು ಫೋನ್ ಮಾಡಿದ್ದರು. ಅರವತ್ತು ಮಕ್ಕಳು ಖಚಿತ, ಬ್ರಷ್ ವ್ಯವಸ್ಥೆ ಆಯ್ತಾ ಅಂತ. ಆಗ್ತಾ ಇದೆ ಮೇಡಂ ಅಂದೆ. ಫೋನಲ್ಲಿ ಇನ್ನೂ ನಾಲ್ಕು ಸೆಟ್ ಆರಿಸಿ ಇಟ್ಟಿದ್ದೀನಿ. ಬೆರಳು ಬಟನ್ ಹತ್ರ ಹೋಗುತ್ತೆ, ನಿಲ್ಲುತ್ತೆ. ಮಕ್ಕಳಿಗೆ ಬೇಕೇ ಬೇಕು, ಅದರಲ್ಲಿ ಅನುಮಾನ ಇಲ್ಲ. ಅನುಮಾನ ನನ್ನ ಮೇಲೆ. ಕೈಗೆ ಜಾಸ್ತಿ ಬ್ರಷ್ಷು ಬಂದಷ್ಟೂ ನಾನು ಯಾರಿಗೆ ಯಾವುದು ಅಂತ ಹಂಚುತ್ತಾ ಹೋಗ್ತೀನಿ. ಹಂಚೋ ಕೈ ಇದೇ ತಾನೆ?

ಇಷ್ಟು ಬರೆದ ಮೇಲೂ ಮೂರೂವರೆ ಸಾವಿರದ ಬ್ರಷ್ಷು ಕೊಳ್ಳೋದು ಲಾಭವಾ ನಷ್ಟವಾ ಅಂತ ಕೇಳಿದರೆ ನನ್ನ ಹತ್ರ ಉತ್ತರ ಇಲ್ಲ. ಇರೋದು ಇಷ್ಟು: ಹೊಸ ಬ್ರಷ್ಷು ಹನ್ನೆರಡು, ಹಳೇದು ಸೊನ್ನೆ, ಹನುಮಂತರಾಯ ಎತ್ತದ ಫೋನು ನಾಲ್ಕು.